ರೂಟರ್ ಬಿಟ್‌ನ ಹರಿತ: ಅರ್ಧ ಬಡಗಿಯ ಕೈಯಲ್ಲಿ, ಅರ್ಧ ರೈತನ ಕೈಯಲ್ಲಿ

(ರೈತ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಕುಡುಗೋಲು ಮೊಂಡಾದರೆ ಏನಾಗುತ್ತದೆ ಎಂಬುದನ್ನು ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬತ್ತದ ಗದ್ದೆಯಲ್ಲಿ ಬೆಳಿಗ್ಗೆ ಸರಸರನೆ ಓಡಿದ ಕುಡುಗೋಲು ಮಧ್ಯಾಹ್ನದ ಹೊತ್ತಿಗೆ ಪೈರನ್ನು ಕೊಯ್ಯುವ ಬದಲು ಎಳೆಯತೊಡಗುತ್ತದೆ. ಕೈ ನೋಯುತ್ತದೆ, ಕೆಲಸ ಹಿಂದೆ ಬೀಳುತ್ತದೆ. ಬತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚಾಗಿರುವುದೇ ಇದಕ್ಕೆ ಒಂದು ಮುಖ್ಯ ಕಾರಣ. ಮರಳಿನಲ್ಲಿರುವ ವಸ್ತುವೂ ಈ ಸಿಲಿಕಾವೇ. ಗಿಡ ಅದನ್ನು ನೀರಿನೊಡನೆ ಹೀರಿಕೊಂಡು ಎಲೆ ಮತ್ತು ಕಾಂಡದಲ್ಲಿ ಸಣ್ಣ ಸಣ್ಣ ಹರಳುಗಳಂತೆ ಶೇಖರಿಸುತ್ತದೆ. ಕುಡುಗೋಲಿನ ಬಾಯಿ ಅದಕ್ಕೆ ಉಜ್ಜಿ ಸವೆಯುತ್ತದೆ.

ಇದೇ ಪಾಠ ಈಗ ಹಳ್ಳಿಯ ಮನೆ ಕಟ್ಟುವ ಕೆಲಸಕ್ಕೂ ಬಂದಿದೆ. ಯಲಹಂಕ, ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯ ಅನೇಕ ಜಮೀನುಗಳ ಬದುಗಳಲ್ಲಿ ಸಿಲ್ವರ್ ಓಕ್, ಹಲಸು, ಬೇವು, ತೇಗದ ಮರಗಳಿವೆ. ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆಯಂತೂ ಹಲಸಿಗೇ ಹೆಸರಾದ ಊರು. 2008ರಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಭಾಗದಲ್ಲಿ ರಸ್ತೆ, ಬಡಾವಣೆಗಳು ಬೆಳೆದು ಎಷ್ಟೋ ಹಳೆಯ ಮರಗಳು ಉರುಳಿವೆ. ತಂದೆ ನೆಟ್ಟ ಮರವನ್ನು ಸೌದೆಗೆ ಹಾಕಲು ಮನಸ್ಸಾಗದೆ, ಅದರಿಂದಲೇ ಹೊಸ ಮನೆಯ ಬಾಗಿಲು ಮಾಡಿಸಬೇಕೆಂದು ಬಯಸುವ ರೈತರಿದ್ದಾರೆ. ಅಂಥ ಮರ ಒಂದು ಸಲ ಸುಟ್ಟು ಕರಕಲಾದರೆ, ಅಂಚು ಕಿತ್ತುಹೋದರೆ, ಇನ್ನೊಂದು ಮರ ತರಲು ಮತ್ತೆ ಇಪ್ಪತ್ತೈದು ವರ್ಷ ಕಾಯಬೇಕು. ಆದುದರಿಂದ ಬಡಗಿಯ ಕೈಯಲ್ಲಿರುವ ಸಣ್ಣ ಉಪಕರಣವೊಂದರ ಹರಿತ ಎಷ್ಟು ದಿನ ಉಳಿಯುತ್ತದೆ ಎಂಬುದು ರೈತನಿಗೂ ಸಂಬಂಧಿಸಿದ ವಿಷಯ.

ರೂಟರ್ ಎಂದರೇನು?

ಹಿಂದೆ ಬಾಗಿಲಿನ ಚೌಕಟ್ಟಿಗೆ ಹಲಗೆ ಕೂರಿಸುವ ತೋಡನ್ನು ಉಳಿ ಮತ್ತು ಹತ್ತರಿಯಿಂದ ತೆಗೆಯುತ್ತಿದ್ದರು. ಈಗ ಆ ಕೆಲಸಕ್ಕೆ ರೂಟರ್ ಯಂತ್ರ ಬಂದಿದೆ. ಯಂತ್ರದ ಬಾಯಿಗೆ ಬಿಗಿಯುವ, ಬೆರಳುದ್ದದ ಕತ್ತರಿಸುವ ತುಂಡೇ ರೂಟರ್ ಬಿಟ್. ಸಾಮಾನ್ಯವಾಗಿ ಇದಕ್ಕೆ ಎರಡು ಅಲಗುಗಳಿರುತ್ತವೆ. ಪೂರ್ತಿ ಉಕ್ಕಿನ ಬಿಟ್‌ಗಳು ಒಂದು ಬಗೆ. ಉಕ್ಕಿನ ಮೈಗೆ ಟಂಗ್‌ಸ್ಟನ್ ಕಾರ್ಬೈಡ್ ಅಲಗು ಬೆಸೆದವು ಇನ್ನೊಂದು ಬಗೆ. ಉಕ್ಕಿನ ಬಿಟ್ ಹೊಸದರಲ್ಲಿ ಬಹಳ ನಯವಾಗಿ ಕತ್ತರಿಸುತ್ತದೆ, ಅಗ್ಗ, ಸಾಣೆ ಹಿಡಿಯುವುದೂ ಸುಲಭ. ಆದರೆ ಬೇಗ ಮೊಂಡಾಗುತ್ತದೆ. ಕಾರ್ಬೈಡ್ ಅದಕ್ಕಿಂತ ಬಹಳ ಗಟ್ಟಿ, ಬಿಸಿಯನ್ನೂ ತಡೆಯುತ್ತದೆ. ಆದರೆ ಗಾಜಿನಂತೆ ಪೆಡಸು. ಮೊಳೆಗೆ ತಾಗಿದರೆ ಚೂರು ಹಾರುತ್ತದೆ.

ಎಷ್ಟು ಗಂಟೆ ಎಂದು ಕೇಳಬಾರದು, ಎಷ್ಟು ಮೀಟರ್ ಎಂದು ಕೇಳಬೇಕು

"ಒಂದು ಬಿಟ್ ಎಷ್ಟು ದಿನ ಬರುತ್ತದೆ?" ಎಂಬುದು ಎಲ್ಲರ ಪ್ರಶ್ನೆ. ದಿನದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಲಗು ಮರವನ್ನು ಎಷ್ಟು ಸಲ ಕಡಿಯಿತು ಎಂಬುದೇ ಸರಿಯಾದ ಲೆಕ್ಕ. ಒಂದು ಉದಾಹರಣೆ ತೆಗೆದುಕೊಳ್ಳಬಹುದು.

ಬಾಗಿಲಿನ ಎತ್ತರ 2.1 ಮೀಟರ್ ಎಂದಿಟ್ಟುಕೊಂಡರೆ, ಎರಡು ನಿಲುವು ಪಟ್ಟಿಗಳ ಒಳ ಅಂಚಿನ ತೋಡು 4.2 ಮೀಟರ್. ಮೇಲಿನ ಮತ್ತು ಕೆಳಗಿನ ಅಡ್ಡಪಟ್ಟಿಗಳಿಗೆ ಒಂದೊಂದು ಅಂಚು, ನಡುವಿನ ಅಡ್ಡಪಟ್ಟಿಗೆ ಎರಡು ಅಂಚು, ತಲಾ 0.7 ಮೀಟರ್. ಒಟ್ಟು 2.8 ಮೀಟರ್. ಎಲ್ಲ ಸೇರಿ ಒಂದು ಬಾಗಿಲಿಗೆ 7 ಮೀಟರ್. ತೋಡಿನ ಆಳ 12 ಮಿ.ಮೀ. ಆದರೆ ಒಂದೇ ಸಲ ತೆಗೆಯದೆ 4 ಮಿ.ಮೀ.ನಂತೆ ಮೂರು ಸಲ ಓಡಿಸಬೇಕು. ಆಗ 21 ಮೀಟರ್. ಮನೆಗೆ ಹತ್ತು ಬಾಗಿಲಾದರೆ 210 ಮೀಟರ್.

ಯಂತ್ರ ನಿಮಿಷಕ್ಕೆ 18,000 ಸುತ್ತು ತಿರುಗುತ್ತಿದ್ದು, ಬಡಗಿ ಅದನ್ನು ನಿಮಿಷಕ್ಕೆ 3.6 ಮೀಟರ್‌ನಂತೆ ಸಾಗಿಸಿದರೆ ಪ್ರತಿ ಅಲಗು ಒಂದು ಸಲಕ್ಕೆ 0.1 ಮಿ.ಮೀ. ಮರವನ್ನು ತೆಗೆಯುತ್ತದೆ. ಹತ್ತು ಬಾಗಿಲುಗಳ ತೋಡಿಗೆ ಬಿಟ್ ಮರದಲ್ಲಿ ಓಡುವ ಸಮಯ ಒಂದು ಗಂಟೆಗಿಂತ ಸ್ವಲ್ಪ ಕಡಿಮೆ. ಅಷ್ಟರಲ್ಲೇ ಪ್ರತಿ ಅಲಗು ಮರವನ್ನು ಸುಮಾರು ಹತ್ತೂವರೆ ಲಕ್ಷ ಸಲ ಕಡಿದಿರುತ್ತದೆ!

ಇನ್ನು ಬಡಗಿ ಹೆದರಿ ಹೆದರಿ, ಇದರ ಹತ್ತನೇ ಒಂದು ಭಾಗದ ವೇಗದಲ್ಲಿ ಯಂತ್ರವನ್ನು ಸಾಗಿಸಿದರೆ? ಅದೇ ಕೆಲಸಕ್ಕೆ ಅಲಗು ಒಂದು ಕೋಟಿಗೂ ಹೆಚ್ಚು ಸಲ ತಾಗಬೇಕಾಗುತ್ತದೆ. ಪ್ರತಿ ಸಲ ಸಿಗುವ ಮರ 0.01 ಮಿ.ಮೀ. ಮಾತ್ರ. ಇಷ್ಟು ತೆಳುವಾದಾಗ ಅಲಗು ಕಡಿಯುವುದಕ್ಕಿಂತ ಉಜ್ಜುವುದೇ ಹೆಚ್ಚು. ಉಜ್ಜಿದಲ್ಲಿ ಬಿಸಿ ಹುಟ್ಟುತ್ತದೆ. ಮರ ಬಿಸಿಯನ್ನು ಬೇಗ ಸಾಗಿಸದ ವಸ್ತುವಾದ್ದರಿಂದ ಆ ಬಿಸಿಯೆಲ್ಲ ಅಲಗಿನ ತುದಿಯಲ್ಲೇ ಉಳಿಯುತ್ತದೆ. ನಿಧಾನವಾಗಿ ಓಡಿಸಿದರೆ ಬಿಟ್ ಉಳಿಯುತ್ತದೆ ಎಂಬ ನಂಬಿಕೆ ಹೀಗೆ ತಪ್ಪು. ಹಾಗೆಂದು ಬಲವಾಗಿ ನೂಕುವುದೂ ಸಲ್ಲದು. ಆಳ ಕಡಿಮೆ, ಸಾಗುವಿಕೆ ಸಮ: ಇದೇ ಸೂತ್ರ.

ಮರದಿಂದ ಮರಕ್ಕೆ ವ್ಯತ್ಯಾಸ

ಸಿಲ್ವರ್ ಓಕ್ ಹದವಾದ ಮರ, ಬಿಟ್‌ಗೆ ಹೆಚ್ಚು ತೊಂದರೆ ಕೊಡುವುದಿಲ್ಲ. ತೇಗ ಕೈಗೆ ಮೃದುವೆನಿಸಿದರೂ ಅದರಲ್ಲಿ ಸಿಲಿಕಾ ಇರುವುದರಿಂದ ಅಲಗನ್ನು ಸವೆಸುತ್ತದೆ. ಬೇವಿನ ನಾರು ಹೆಣೆದುಕೊಂಡಿರುವುದರಿಂದ ಅಂಚು ಕಿತ್ತುಬರುತ್ತದೆ. ಹಲಸು ಸರಿಯಾಗಿ ಒಣಗದಿದ್ದರೆ ಅಂಟು ಬಿಟ್‌ಗೆ ಮೆತ್ತಿಕೊಳ್ಳುತ್ತದೆ. ನೀಲಗಿರಿ ಮತ್ತು ಅಕೇಶಿಯ ಗಟ್ಟಿ. ನೀಲಗಿರಿಯನ್ನು ಹೊಸದಾಗಿ ಬೆಳೆಸುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿದರೂ ಹಳೆಯ ಮರಗಳು ಇನ್ನೂ ಗರಗಸಕ್ಕೆ ಬರುತ್ತಿವೆ. ಎಲ್ಲಕ್ಕಿಂತ ಕಠಿಣ ಹಳೆಯ ತೆಂಗಿನ ಮರ. ಸಿಲಿಕಾ ಹೆಚ್ಚಿರುವುದರಿಂದ ಅದಕ್ಕೆ ಉಕ್ಕಿನ ಬಿಟ್ ಹಾಕುವುದೇ ತಪ್ಪು. ಪ್ಲೈವುಡ್‌ನ ಪದರಗಳ ನಡುವೆ ಒಣಗಿ ಗಟ್ಟಿಯಾದ ಅಂಟಿರುತ್ತದೆ. ಅದು ಅಲಗಿನ ಒಂದೇ ಜಾಗವನ್ನು ಮತ್ತೆ ಮತ್ತೆ ಉಜ್ಜಿ ಗೆರೆ ಕೊರೆಯುತ್ತದೆ.

ಗಟ್ಟಿ ಮರದಲ್ಲಿ ಉಕ್ಕಿನ ಬಿಟ್ ಒಂದೆರಡು ಬಾಗಿಲುಗಳಲ್ಲೇ ಸೋಲಬಹುದು. ಶುದ್ಧವಾದ, ಒಣಗಿದ ಮರದಲ್ಲಿ ಒಳ್ಳೆಯ ಕಾರ್ಬೈಡ್ ಬಿಟ್ ಇಡೀ ಮನೆಯ ಕೆಲಸವನ್ನು ಮುಗಿಸಬಹುದು. ಈ ಅಂತರವನ್ನು ನಿರ್ಧರಿಸುವ ಸಂಗತಿಗಳಲ್ಲಿ ಅರ್ಧದಷ್ಟು, ಮರ ಬಡಗಿಯ ಕೈ ಸೇರುವ ಮೊದಲೇ ನಡೆದುಹೋಗಿರುತ್ತವೆ.

ರೈತನ ಪಾಲಿನ ಕೆಲಸ

1. ಮೊಳೆ ಮತ್ತು ತಂತಿ. ಬದುವಿನ ಮರಕ್ಕೆ ಮುಳ್ಳುತಂತಿ ಹೊಡೆಯುವುದು ನಮ್ಮಲ್ಲಿ ಸಾಮಾನ್ಯ. ರಸ್ತೆ ಬದಿಯ ಮರಕ್ಕೆ ಜಾಹೀರಾತು ಫಲಕ ಬಡಿಯುವವರೂ ಇದ್ದಾರೆ. ಮರ ತುದಿಯಲ್ಲಿ ಎತ್ತರ ಬೆಳೆಯುತ್ತದೆ, ಕಾಂಡದಲ್ಲಿ ದಪ್ಪ ಮಾತ್ರ ಆಗುತ್ತದೆ. ಆದ್ದರಿಂದ ನಾಲ್ಕು ಅಡಿ ಎತ್ತರದಲ್ಲಿ ಹೊಡೆದ ಮೊಳೆ ಮೂವತ್ತು ವರ್ಷದ ನಂತರವೂ ನಾಲ್ಕು ಅಡಿಯಲ್ಲೇ, ಆದರೆ ಮರದ ಒಳಗೆ ಹೂತು ಕುಳಿತಿರುತ್ತದೆ. ಬೇಲಿ ಸಾಲಿನ ಮರದ ಕೆಳಗಿನ ಐದಾರು ಅಡಿಯನ್ನು ಯಾವಾಗಲೂ ಸಂಶಯದಿಂದ ನೋಡಬೇಕು. ಕೊಯ್ದ ಹಲಗೆಯಲ್ಲಿ ನೀಲಿಗಪ್ಪು ಕಲೆ ಕಂಡರೆ ಅಲ್ಲಿ ಕಬ್ಬಿಣವಿದೆ ಎಂದೇ ತಿಳಿಯಬೇಕು. ಮರದ ಒಗರು ಅಂಶ ಕಬ್ಬಿಣದೊಡನೆ ಸೇರಿದಾಗ ಈ ಬಣ್ಣ ಬರುತ್ತದೆ. ಎಲ್ಲಿ ಮೊಳೆ ಹೊಡೆದಿತ್ತು ಎಂಬ ನೆನಪು ರೈತನಿಗೆ ಮಾತ್ರ ಇರುತ್ತದೆ. ಅದನ್ನು ಸಾಮಿಲ್‌ನವರಿಗೂ ಬಡಗಿಗೂ ತಪ್ಪದೆ ಹೇಳಬೇಕು.

2. ಮಣ್ಣು ಮತ್ತು ಮರಳು. ಬೆಂಗಳೂರು ಸುತ್ತಿನ ಕೆಂಪು ಮಣ್ಣಿನಲ್ಲಿ ಬೆಣಚುಕಲ್ಲಿನ ಸಣ್ಣ ಹರಳುಗಳಿವೆ. ಇವು ಬಿಟ್‌ನ ಉಕ್ಕಿಗಿಂತ ಗಟ್ಟಿ. ದಿಮ್ಮಿಯನ್ನು ನೆಲದ ಮೇಲೆ ಎಳೆದು ತಂದಾಗ ತೊಗಟೆ ಮತ್ತು ಬಿರುಕುಗಳಲ್ಲಿ ಇವು ಸೇರಿಕೊಳ್ಳುತ್ತವೆ. ದಿಮ್ಮಿಯನ್ನು ಎತ್ತಿ ಸಾಗಿಸಬೇಕು, ಕೊಯ್ಯಿಸುವ ಮೊದಲು ತೊಗಟೆ ತೆಗೆದು ತೊಳೆಯಬೇಕು. ಹಲಗೆಗಳನ್ನು ಅಂಗಳದ ಮಣ್ಣಿನ ಮೇಲೆ ಹರಡಬಾರದು. ಬಡಗಿಗೆ ಒಪ್ಪಿಸುವ ಮೊದಲು ಗಟ್ಟಿ ಬ್ರಷ್‌ನಿಂದ ಉಜ್ಜಿ ಕೊಡಬೇಕು.

3. ಒಣಗಿಸುವುದು. ಹಸಿ ಮರ ಮೆತ್ತಗಿರುವುದರಿಂದ ಬಿಟ್‌ಗೆ ಒಳ್ಳೆಯದೆಂದು ಕೆಲವರು ಹೇಳುತ್ತಾರೆ. ಇದು ಅರ್ಧ ಸತ್ಯ. ಹಸಿ ಮರದ ಹೊಟ್ಟು ತೋಡಿನಲ್ಲಿ ಕಚ್ಚಿಕೊಂಡು ಬಿಸಿ ಹೆಚ್ಚಿಸುತ್ತದೆ. ಹಸಿ ಮರದ ಆಮ್ಲ ಮತ್ತು ಒಗರು, ಕಾರ್ಬೈಡ್‌ನ ಕಣಗಳನ್ನು ಹಿಡಿದಿರುವ ಕೋಬಾಲ್ಟ್ ಲೋಹವನ್ನು ತಿನ್ನುತ್ತವೆ. ಮೇಲಾಗಿ ಅಂಥ ಬಾಗಿಲು ಮೊದಲ ಬೇಸಿಗೆಯಲ್ಲೇ ಸೊಟ್ಟಗಾಗುತ್ತದೆ. ಹಲಗೆಗಳನ್ನು ನೆಲದಿಂದ ಒಂದಡಿ ಎತ್ತರದಲ್ಲಿ, ನಡುನಡುವೆ ಒಂದೇ ದಪ್ಪದ ರಿಪೀಸು ಪಟ್ಟಿ ಇಟ್ಟು, ಗಾಳಿಯಾಡುವ ನೆರಳಿನಲ್ಲಿ ಪೇರಿಸಿ ಹಲವು ತಿಂಗಳು ಒಣಗಿಸಬೇಕು. ತುದಿಗಳಿಗೆ ಬಣ್ಣ ಬಳಿದರೆ ಬಿರುಕು ಕಡಿಮೆಯಾಗುತ್ತದೆ.

ಬಡಗಿಯ ಪಾಲಿನ ಕೆಲಸ

ಬಿಟ್‌ನ ದಂಡ ಕಾಲು ಅಂಗುಲದ್ದಾದರೆ ಅದರ ಅಳತೆ 6.35 ಮಿ.ಮೀ. ಮಾರುಕಟ್ಟೆಯಲ್ಲಿ 6 ಮಿ.ಮೀ. ದಂಡದ ಬಿಟ್‌ಗಳೂ ಸಿಗುತ್ತವೆ. ಕಣ್ಣಿಗೆ ಎರಡೂ ಒಂದೇ. ಆದರೆ 6 ಮಿ.ಮೀ. ಬಿಟ್ಟನ್ನು ಕಾಲು ಅಂಗುಲದ ಹಿಡಿಕೆಗೆ ಹಾಕಿದರೆ ಅದು ಅದುರುತ್ತದೆ, ಅಲಗು ಸವೆಯುತ್ತದೆ, ಕಳಚಿ ಹಾರಿದರೆ ಕಣ್ಣಿಗೂ ಜೀವಕ್ಕೂ ಅಪಾಯ. ಅಳತೆ ಸರಿಯಿರುವುದನ್ನೇ ಹಾಕಬೇಕು.

ಬಿಟ್ ದೊಡ್ಡದಾದಷ್ಟೂ ವೇಗ ಇಳಿಸಬೇಕು. 18,000 ಸುತ್ತಿನಲ್ಲಿ 12 ಮಿ.ಮೀ. ಬಿಟ್‌ನ ಅಂಚು ಸೆಕೆಂಡಿಗೆ ಸುಮಾರು 11 ಮೀಟರ್ ಓಡುತ್ತದೆ. 50 ಮಿ.ಮೀ. ಬಿಟ್‌ನ ಅಂಚು ಸುಮಾರು 47 ಮೀಟರ್! ಅಂಥ ದೊಡ್ಡ ಬಿಟ್ಟನ್ನು 10,000ದಿಂದ 12,000 ಸುತ್ತಿಗೆ ಇಳಿಸುವುದು ಕ್ಷೇಮ. ಬಿಟ್ ತಿರುಗುವ ದಿಕ್ಕಿಗೆ ಎದುರಾಗಿ ಯಂತ್ರವನ್ನು ಸಾಗಿಸಬೇಕು. ಓಡುತ್ತಿರುವ ಯಂತ್ರವನ್ನು ಮರದಲ್ಲಿ ಒಂದೇ ಕಡೆ ನಿಲ್ಲಿಸಬಾರದು.

ಮೊಂಡಾಗುತ್ತಿರುವ ಗುರುತುಗಳು

ಯಂತ್ರದ ದನಿ ಬದಲಾಗಿ ಕಿರುಚತೊಡಗುತ್ತದೆ. ಮೊದಲಿಗಿಂತ ಹೆಚ್ಚು ನೂಕಬೇಕಾಗುತ್ತದೆ. ಸಿಪ್ಪೆಯ ಬದಲು ಹುಡಿ ಬೀಳುತ್ತದೆ. ತೋಡಿನ ಅಂಚಿನಲ್ಲಿ ನಾರು ಎದ್ದು ನಿಲ್ಲುತ್ತದೆ. ಕೊನೆಯದಾಗಿ ಸುಟ್ಟ ವಾಸನೆ, ಕಂದು ಕಲೆ. ಸುಟ್ಟ ಕಲೆ ಕಾಣುವವರೆಗೆ ಕಾಯುವುದೆಂದರೆ ಬೆಳೆ ಬಾಡಿದ ಮೇಲೆ ನೀರು ಬಿಟ್ಟಂತೆ.

ಆದರೆ ಸಾಣೆಗೆ ಕಳಿಸುವ ಮೊದಲು ಒಂದು ಪರೀಕ್ಷೆ ಮಾಡಬೇಕು. ಮೊಂಡಾಗಿದೆ ಎನ್ನುವ ಬಿಟ್ ಎಷ್ಟೋ ಸಲ ಬರೀ ಕೊಳೆಯಾಗಿರುತ್ತದೆ. ಯಂತ್ರದ ಪ್ಲಗ್ ಕಿತ್ತು, ಬಿಟ್ ಬಿಚ್ಚಿ, ಸೀಮೆಎಣ್ಣೆಯಲ್ಲೋ ಸೋಪಿನ ಉಗುರುಬೆಚ್ಚನೆಯ ನೀರಿನಲ್ಲೋ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಬೇಕು. ತುದಿಯಲ್ಲಿ ಬೇರಿಂಗ್ ಇದ್ದರೆ ಮೊದಲು ಅದನ್ನು ತೆಗೆಯಬೇಕು. ಒರೆಸಿ, ಪೂರ್ತಿ ಒಣಗಿಸಿ, ತುಸು ಎಣ್ಣೆ ಸವರಿ ಇಡಬೇಕು. ನಂತರವೂ ಕಡಿಯದಿದ್ದರೆ ಮಾತ್ರ ಸಾಣೆ. ಉಕ್ಕಿಗೆ ಎಣ್ಣೆಕಲ್ಲು ಸಾಕು, ಕಾರ್ಬೈಡ್‌ಗೆ ವಜ್ರದ ಪುಡಿ ಕೂರಿಸಿದ ಪಟ್ಟಿ ಬೇಕು. ಅಲಗಿನ ಒಳಗಿನ ಚಪ್ಪಟೆ ಮುಖವನ್ನು ಮಾತ್ರ, ಎರಡು ಅಲಗಿಗೂ ಸಮ ಎಣಿಕೆಯಲ್ಲಿ ಉಜ್ಜಬೇಕು. ಹೊರಗಿನ ಬಾಗಿದ ಅಂಚನ್ನು ಮುಟ್ಟಿದರೆ ಬಿಟ್‌ನ ಅಳತೆ ಕೆಡುತ್ತದೆ. ಚೂರು ಹಾರಿದ ಬಿಟ್ ಕೈಸಾಣೆಗೆ ಸರಿಹೋಗುವುದಿಲ್ಲ.

ದೊಡ್ಡ ಕೆಲಸಕ್ಕೆ ಎರಡು ಬಿಟ್ ಇಟ್ಟುಕೊಳ್ಳುವುದು ಜಾಣತನ. ಹಳೆಯದು ಒರಟು ತೋಡಿಗೆ, ಹೊಸದು ಕೊನೆಯ ನಯ ಓಟಕ್ಕೆ. ಪ್ರತಿ ಬಾಗಿಲು ಮುಗಿದಾಗ ಬಿಟ್‌ನ ಡಬ್ಬಿಯ ಮೇಲೆ ಒಂದು ಗೆರೆ ಎಳೆದರೆ, ಯಾವ ಮರದಲ್ಲಿ ಎಷ್ಟು ಮೀಟರ್ ಬಂತು ಎಂಬ ಲೆಕ್ಕ ತಾನಾಗಿಯೇ ಸಿಗುತ್ತದೆ. ಅಂಗಡಿಯವನ ಮಾತಿಗಿಂತ ಈ ಗೆರೆಗಳನ್ನು ನಂಬಬಹುದು.

ಮಾತು ಮೊದಲೇ ಆಗಲಿ

ಮರ ರೈತನದು, ಬಿಟ್ ಬಡಗಿಯದು. ಬಿಟ್ ಹೋದಾಗ ಜಗಳ ಹುಟ್ಟುವುದು ಇಲ್ಲೇ. ಮೊಳೆಗೆ ತಾಗಿ ಮುರಿದರೆ ಅದರ ಬೆಲೆ ಯಾರದು, ಸವೆದು ಮೊಂಡಾದರೆ ಸಾಣೆಯ ಖರ್ಚು ಯಾರದು ಎಂಬುದನ್ನು ಕೆಲಸ ಹಿಡಿಯುವ ದಿನವೇ ಮಾತಾಡಿಕೊಳ್ಳಬೇಕು. ಮರದೊಳಗಿನ ಕಬ್ಬಿಣಕ್ಕೆ ರೈತ ಹೊಣೆ, ಕೈಕೆಲಸದ ಸವೆತಕ್ಕೆ ಬಡಗಿ ಹೊಣೆ ಎಂಬುದು ನ್ಯಾಯವಾದ ಹಂಚಿಕೆ. ಮೊಂಡು ಬಿಟ್ಟನ್ನು ಉಳಿತಾಯವೆಂದು ಓಡಿಸುವ ಬಡಗಿ ಹೆಚ್ಚು ಬಲ ಹಾಕುತ್ತಾನೆ. ಕೈ ಜಾರುವುದು ಆಗಲೇ. ಒಂದು ಬಿಟ್‌ನ ಬೆಲೆ ಬೆರಳಿನ ಬೆಲೆಗೆ ಎಂದೂ ಸಮವಲ್ಲ. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ, ಕಿವಿಗೆ ರಕ್ಷಣೆ ಇಲ್ಲದೆ ಈ ಯಂತ್ರವನ್ನು ಮುಟ್ಟಬಾರದು.

ಮರದ ಗುಣ, ಒಣಗಿಸುವಿಕೆಯ ವಿಷಯದಲ್ಲಿ ಸಂದೇಹವಿದ್ದವರಿಗೆ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಯಶವಂತಪುರ, ಹೆಬ್ಬಾಳಗಳಿಂದ ದೂರವೇನಲ್ಲ. 1938ರಲ್ಲಿ ಮೈಸೂರು ಸಂಸ್ಥಾನ ತೆರೆದ ಅರಣ್ಯ ಸಂಶೋಧನಾ ಪ್ರಯೋಗಾಲಯವೇ ಅದರ ಮೂಲ.

ಇಂದು ಬದುವಿಗೆ ಸಸಿ ನೆಡುವವರು ಒಂದು ಮಾತನ್ನು ನೆನಪಿನಲ್ಲಿಡಬೇಕು. ಬೇಲಿಯ ತಂತಿಗೆ ಬೇರೆ ಕಂಬ ನೆಟ್ಟು, ಮರಕ್ಕೆ ಮೊಳೆ ಹೊಡೆಯದೆ ಬಿಟ್ಟರೆ, ಮೂವತ್ತು ವರ್ಷದ ನಂತರ ಮಗನ ಮನೆಯ ಬಾಗಿಲು ಕೆತ್ತುವ ಬಡಗಿಯ ಬಿಟ್ ಹರಿತವಾಗಿ ಉಳಿಯುತ್ತದೆ.