ನಾರ್ವೇಜಿಯನ್ ಭಾಷೆಯ ಕ್ರೀಡಾಪದಗಳು: ಅವುಗಳ ಸಮಾಸ ಮತ್ತು ಉಚ್ಚಾರಣೆ



ಹಿಮದ ನಾಡುಗಳಲ್ಲಿ ನಡೆಯುವ ಆಟಗಳ ವಾರ್ತೆಯನ್ನು ಓದುವಾಗ 'ಸ್ಕೀ' ಎಂಬ ಮಾತೂ 'ಸ್ಲಾಲಂ' ಎಂಬ ಮಾತೂ ತಮ್ಮ ಕಣ್ಣಿಗೆ ಬಿದ್ದಿರಬಹುದು. ಇವು ನಮ್ಮಲ್ಲಿಗೆ ಇಂಗ್ಲೀಷಿನ ಕೈಯಿಂದ ಬಂದುವು. ಆದುದರಿಂದ ಇವನ್ನು ಇಂಗ್ಲೀಷು ಮಾತುಗಳೆಂದೇ ನಾವು ಎಣಿಸಿಬಿಡುವುದು ಸಹಜ. ಆದರೆ ಇಂಗ್ಲೀಷರೂ ಇವನ್ನು ಕಡವಾಗಿಯೇ ತಂದವರು. ಕಡ ಕೊಟ್ಟ ಮನೆ ನಾರ್ವೇ ದೇಶ. ಆ ದೇಶದ ಭಾಷೆಯಲ್ಲಿ ಆಟಪಾಟಗಳಿಗೆ ಸಂಬಂಧಿಸಿದ ಮಾತುಗಳು ಹೇಗೆ ಕಟ್ಟಲ್ಪಡುತ್ತವೆ, ಕಟ್ಟಿದ ಮಾತನ್ನು ಅಲ್ಲಿಯ ಜನ ಹೇಗೆ ಉಚ್ಚರಿಸುತ್ತಾರೆ ಎಂಬುದನ್ನು ಈ ಹೊತ್ತು ತಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇವೆ. ದೂರದ ವಿಷಯವೆಂದು ತಾವು ಶಂಕಿಸಬೇಕಾಗಿಲ್ಲ. ವ್ಯಾಕರಣವನ್ನು ಸ್ವಲ್ಪವಾದರೂ ಬಲ್ಲ ಕನ್ನಡಿಗನಿಗೆ ಇಲ್ಲಿ ಪರಿಚಯದ ಮುಖಗಳು ಹಲವು ಕಾಣಸಿಗುತ್ತವೆ.

ಮೊದಲು ಆಟವೆಂಬುದಕ್ಕೆ ಅವರಲ್ಲಿರುವ ಹೆಸರನ್ನೇ ನೋಡೋಣ. 'ಈದ್ರೆತ್' ಎಂಬುದು ಆ ಮಾತು. ಇದರ ಹಳೆಯ ರೂಪಕ್ಕೆ ಕೇವಲ ಆಟವೆಂಬ ಅರ್ಥವಿರಲಿಲ್ಲ. ಅಭ್ಯಾಸದಿಂದ ಬಂದ ಯಾವ ಕುಶಲತೆಯೂ ಆ ಹೆಸರಿಗೆ ಅರ್ಹವಾಗಿತ್ತು. ಹನ್ನೆರಡನೆಯ ಶತಮಾನದಲ್ಲಿ ಓರ್ಕ್ನಿ ದ್ವೀಪಗಳನ್ನಾಳಿದ ರೋಗ್ನ್‌ವಾಲ್ಡ್ ಎಂಬ ಸಾಮಂತನು ತಾನು ಬಲ್ಲ ಒಂಬತ್ತು ವಿದ್ಯೆಗಳನ್ನು ಒಂದು ಪದ್ಯದಲ್ಲಿ ಎಣಿಸಿದ್ದಾನೆ. ಅವುಗಳಲ್ಲಿ ಹಿಮದ ಮೇಲೆ ಜಾರುವುದು, ಬಿಲ್ಲು ಪ್ರಯೋಗ, ದೋಣಿ ನಡೆಸುವುದು ಇವುಗಳ ಜೊತೆಗೆ ಚದುರಂಗದಂತಹ ಮಣೆಯಾಟ, ಕಮ್ಮಾರಿಕೆ, ವೀಣಾವಾದನ, ಕವಿತೆ ಇವೂ ಸೇರಿವೆ. ನಮ್ಮವರು 'ಕಲೆ' ಎಂದರೆ ಅರವತ್ತನಾಲ್ಕನ್ನು ಎಣಿಸುತ್ತಿದ್ದುದು ಇಲ್ಲಿ ನೆನಪಿಗೆ ಬಾರದಿರದು.

'ಸ್ಕೀ' ಎಂದು ನಾವು ಬರೆಯುವ ಮಾತಿನ ಮೂಲಾರ್ಥ ಸೀಳಿದ ಮರದ ತುಂಡು ಎಂದು. ನಾರ್ವೆಯವರು ಇದನ್ನು 'ಶೀ' ಎನ್ನುತ್ತಾರೆ. ಅವರ ಲಿಪಿಯಲ್ಲಿ ಸಕಾರ ಕಕಾರಗಳನ್ನು ಕೂಡಿಸಿ ಬರೆದು ಅದರ ಮುಂದೆ ಇಕಾರ ಬಂದರೆ ಆ ಕೂಡಕ್ಷರ ಶಕಾರವಾಗಿ ಕೇಳುತ್ತದೆ. ಅಕಾರ ಓಕಾರಾದಿಗಳು ಬಂದರೆ ಇದ್ದಂತೆಯೇ ಉಳಿಯುತ್ತದೆ. ನಮ್ಮ 'ಕಿವಿ' ತೆಲುಗಿನಲ್ಲಿ 'ಚೆವಿ' ಆದುದೂ ಇದೇ ಬಗೆಯ ಮೆದುವಾಗುವಿಕೆ. ಇದರ ಸೊಗಸು ಸಮಾಸದಲ್ಲಿ ಚೆನ್ನಾಗಿ ಕಾಣುತ್ತದೆ. ಹಿಮದ ಮೇಲೆ ಜಾರುವಾಗ ತೊಡುವ ಜೋಡಿಗೆ 'ಶೀಸ್ಕೂ' ಎಂದು ಹೆಸರು. ಬರೆವಣಿಗೆಯಲ್ಲಿ ಒಂದೇ ಕೂಡಕ್ಷರ ಎರಡು ಬಾರಿ ಬಂದಿದೆ. ಮೊದಲನೆಯದು ಶಕಾರವಾಯಿತು, ಎರಡನೆಯದು ಸ್ಕಕಾರವಾಗಿಯೇ ನಿಂತಿತು. ಅಕ್ಷರವನ್ನು ಮಾತ್ರ ನೋಡಿ ಓದುವವನು ಇಲ್ಲಿ ಎಡವುವುದು ನಿಶ್ಚಯ.

ಇನ್ನು ಸಮಾಸದ ರಚನೆ. ನಾರ್ವೇಜಿಯನ್ ಭಾಷೆಯಲ್ಲಿ ಸಮಾಸಪದವನ್ನು ನಡುವೆ ತೆರಪಿಲ್ಲದೆ ಒಂದೇ ಮಾತಾಗಿ ಬರೆಯಬೇಕು. ಉತ್ತರಪದವೇ ಪ್ರಧಾನ, ಪದದ ಲಿಂಗವೂ ಅದರದೇ. 'ಫೂತ್' ಎಂದರೆ ಕಾಲು, 'ಬಲ್' ಎಂದರೆ ಚೆಂಡು. 'ಫೂತ್‌ಬಲ್' ಎಂದರೆ ನಮ್ಮ ಕಾಲ್ಚೆಂಡು. 'ಹೊನ್' ಎಂದರೆ ಕೈ. 'ಹೊನ್‌ಬಲ್' ಎಂದರೆ ಕೈಚೆಂಡಿನಾಟ. 'ಹೊಪ್ಪ್' ಎಂದರೆ ನೆಗೆತ, 'ಬಕ್ಕೆ' ಎಂದರೆ ದಿನ್ನೆ. 'ಹೊಪ್ಪ್‌ಬಕ್ಕೆ' ಎಂದರೆ ಹಿಮಹಲಗೆ ಕಟ್ಟಿಕೊಂಡವರು ಮೇಲಿನಿಂದ ಜಾರಿ ಬಂದು ಗಾಳಿಗೆ ಹಾರುವ ದಿನ್ನೆ. ಓಸ್ಲೊ ನಗರದ ಹೊಲ್ಮೆನ್‌ಕೊಲ್ಲೆನ್ ಎಂಬಲ್ಲಿ ಇಂತಹ ಪ್ರಸಿದ್ಧವಾದ ದಿನ್ನೆಯುಂಟು. ಅಲ್ಲಿ ಸ್ಪರ್ಧೆಗಳು 1892ರಲ್ಲಿ ಮೊದಲಾದುವು.

ಪೂರ್ವೋತ್ತರ ಪದಗಳ ನಡುವಣ ಸಂಬಂಧವನ್ನು ಮಾತ್ರ ಕೇಳುವವನೇ ಊಹಿಸಬೇಕು. 'ಶೀಸ್ಕೂ' ಎಂಬಲ್ಲಿ ಹಲಗೆಗಾಗಿ ಜೋಡು. ಅದು ಚತುರ್ಥೀ ತತ್ಪುರುಷ. 'ಶೀಹೊಪ್ಪ್' ಎಂಬಲ್ಲಿ ಹಲಗೆಯಿಂದ ನೆಗೆತ, ಅದು ತೃತೀಯಾ. ಸಂಖ್ಯೆ ಮುಂದಿದ್ದರೆ ನಮ್ಮ ದ್ವಿಗುವಿನ ಹಾಗೆಯೇ. 'ತೀ' ಎಂದರೆ ಹತ್ತು, 'ಕಂಪ್' ಎಂದರೆ ಹೋರಾಟ. ಹತ್ತು ಪಂದ್ಯಗಳ ಸ್ಪರ್ಧೆ 'ತೀಕಂಪ್'. ಆದರೆ ದ್ವಿಗುವಿನಲ್ಲಿ ಒಂದು ಅಪಾಯವೂ ಉಂಟು. ಐದಕ್ಕೆ 'ಫೆಮ್' ಎಂದು ಹೆಸರು. ಹೊಲ್ಮೆನ್‌ಕೊಲ್ಲೆನ್ನಿನ ದೂರದ ಓಟಕ್ಕೆ 'ಫೆಮ್ಮೀಲ್' ಎನ್ನುತ್ತಾರೆ. ಐದು ಮೈಲಿಯೆಂದು ಭಾಷಾಂತರಿಸಿದರೆ ಎಂಟು ಕಿಲೋಮೀಟರಾಗುತ್ತದೆ. ನಾರ್ವೆಯ 'ಮೀಲ್' ಹತ್ತು ಕಿಲೋಮೀಟರು. ಓಟದ ದೂರ ಐವತ್ತು ಕಿಲೋಮೀಟರು! ಭಾಷಾಂತರಕಾರನ ಒಂದು ಅಜಾಗರೂಕತೆಯಿಂದ ಪಾಪ, ಆ ಓಟಗಾರರ ಶ್ರಮದಲ್ಲಿ ಆರರಲ್ಲಿ ಐದು ಪಾಲು ಹೋಯಿತು.

ಕೆಲವು ಸಮಾಸಗಳಲ್ಲಿ ಎರಡು ಪದಗಳ ನಡುವೆ ಒಂದು ಸಕಾರ ಬರುತ್ತದೆ. 'ಈದ್ರೆತ್' ಮತ್ತು 'ಲಾಗ್' ಸೇರಿ ಕ್ರೀಡಾಸಂಘವೆಂಬ ಅರ್ಥದಲ್ಲಿ 'ಈದ್ರೆತ್ಸ್‌ಲಾಗ್' ಆಗುತ್ತದೆ. ನಾಡಿಗೆ 'ಲನ್' ಎಂದು ಹೆಸರು. ನಾಡಿನ ತಂಡ 'ಲನ್ಸ್‌ಲಾಗ್'. ಈ ಸಕಾರ ಮೂಲದಲ್ಲಿ ಷಷ್ಠೀ ವಿಭಕ್ತಿಯ ಪ್ರತ್ಯಯ. ವಿಭಕ್ತಿ ಲೋಪವಾಗದೆ ಉಳಿದ ಸಮಾಸವನ್ನು ನಮ್ಮ ಶಾಸ್ತ್ರಕಾರರು ಅಲುಕ್ ಸಮಾಸವೆಂದರು. 'ಯುಧಿಷ್ಠಿರ' ಎಂಬ ಹೆಸರೇ ಅದಕ್ಕೆ ಉದಾಹರಣೆ. ನಾರ್ವೆಯಲ್ಲಿ ಇದು ಈಗ ಅರ್ಥವನ್ನು ಕಳೆದುಕೊಂಡು ಬರಿಯ ಬೆಸುಗೆಯಾಗಿದೆ. ಪೂರ್ವಪದವೇ ಒಂದು ಸಮಾಸವಾಗಿದ್ದರೆ ಈ ಬೆಸುಗೆ ಹೆಚ್ಚಾಗಿ ಬೀಳುತ್ತದೆ. 'ಶೀ' ಒಂದೇ ಇದ್ದಾಗ ಓಟಗಾರನು 'ಶೀಲೋಪೆರ್'. 'ಲಙ್‌ರೆನ್' ಎಂಬ ಜೋಡುಪದ ಮುಂದಿದ್ದಾಗ ಅವನೇ 'ಲಙ್‌ರೆನ್ಸ್‌ಲೋಪೆರ್'. ಉದ್ದವಾದ ಪದದಲ್ಲಿ ದೊಡ್ಡ ಕೀಲು ಎಲ್ಲಿದೆಯೆಂಬುದನ್ನು ಆ ಸಕಾರ ಕೇಳುವವನಿಗೆ ತಿಳಿಸಿಕೊಡುತ್ತದೆ.

ಬರೆವಣಿಗೆಯ ಒಂದು ಕುತೂಹಲವನ್ನು ಇಲ್ಲಿಯೇ ಹೇಳಿಬಿಡುತ್ತೇವೆ. 'ಫೂತ್‌ಬಲ್' ಎಂಬುದರ ಕೊನೆಯಲ್ಲಿ ಎರಡು ಲಕಾರಗಳನ್ನು ಬರೆಯುತ್ತಾರೆ. ಅದಕ್ಕೆ ತಂಡವೆಂಬ ಅರ್ಥದ 'ಲಾಗ್' ಸೇರಿದರೆ ಮೂರು ಲಕಾರಗಳು ಬರಬೇಕಷ್ಟೆ. ಒಂದೇ ವ್ಯಂಜನ ಮೂರು ಬಾರಿ ಒತ್ತಟ್ಟಿಗೆ ನಿಲ್ಲಬಾರದೆಂದು ಅವರ ನಿಯಮ, ಒಂದನ್ನು ಬಿಡುತ್ತಾರೆ. ಆದರೆ ಸಾಲಿನ ಕೊನೆಯಲ್ಲಿ ಸ್ಥಳ ಸಾಲದೆ ಪದವನ್ನು ಒಡೆಯಬೇಕಾಗಿ ಬಂದರೆ, ಬಿಟ್ಟುಹೋಗಿದ್ದ ಲಕಾರ ಮರಳಿ ಬಂದು ತನ್ನ ಸ್ಥಾನದಲ್ಲಿ ಕೂರುತ್ತದೆ.

ಈಗ ಉಚ್ಚಾರಣೆಯ ವಿಷಯ. ಇಲ್ಲಿ ಕನ್ನಡದ ಲಿಪಿ ನಮಗೆ ಮಾಡುವ ಉಪಕಾರ ಅಷ್ಟಿಷ್ಟಲ್ಲ. ಇಂಗ್ಲೀಷಿನ ತಕಾರವನ್ನು ನಾವು ಟಕಾರವಾಗಿ ಬರೆಯುವ ರೂಢಿ. ನಾರ್ವೆಯ ತಕಾರವಾದರೋ ನಮ್ಮ ತಕಾರದಂತೆಯೇ ಹಲ್ಲಿನ ಬುಡದಿಂದ ಹುಟ್ಟುತ್ತದೆ. ಆದರೆ ಅದರ ಹಿಂದೆ ರಕಾರ ಬಂದರೆ, ಆ ದೇಶದ ಪೂರ್ವ ಭಾಗದಲ್ಲಿಯೂ ಉತ್ತರದಲ್ಲಿಯೂ, ರಕಾರವು ತಾನು ಮರೆಯಾಗಿ ಮುಂದಿನ ಅಕ್ಷರವನ್ನು ಮೂರ್ಧನ್ಯವಾಗಿ ಮಾಡುತ್ತದೆ. ತ ಟ ಆಗುತ್ತದೆ, ದ ಡ, ನ ಣ, ಲ ಳ, ಸ ಷ. 'ರಾಮ' ಮತ್ತು 'ಅಯನ' ಸೇರಿದಾಗ ರಕಾರದ ಪ್ರಭಾವದಿಂದ ನಕಾರ ಣಕಾರವಾಗಿ 'ರಾಮಾಯಣ'ವಾಯಿತೆಂದು ನಾವು ಶಾಲೆಯಲ್ಲಿ ಕಲಿತಿಲ್ಲವೆ? ಪಾಣಿನಿಯ ಹೆಸರನ್ನೇ ಕೇಳರಿಯದ ಓಸ್ಲೊ ನಗರದ ಹುಡುಗನೂ ಆ ಜಾತಿಯ ಸಂಧಿಯನ್ನೇ ದಿನವೂ ಮಾಡುತ್ತಿದ್ದಾನೆ. 'ವಿಂತೆರ್' ಎಂದರೆ ಚಳಿಗಾಲ. ಅದಕ್ಕೆ 'ಸ್ಪೋರ್ಟ್' ಎಂಬ ಕಡದ ಮಾತನ್ನು ಸೇರಿಸಿದಾಗ ಅವನ ಬಾಯಲ್ಲಿ ಹೊರಡುವುದು 'ವಿಂತೆಷ್ಪೊಟ್'. ಮೊದಲ ಪದದ ಕೊನೆಯ ರಕಾರವು ಎರಡನೆಯ ಪದದ ಸಕಾರವನ್ನು ಷಕಾರ ಮಾಡಿತು; ಎರಡನೆಯ ಪದದೊಳಗಿನ ರಕಾರವು ತಕಾರವನ್ನು ಟಕಾರ ಮಾಡಿತು. ಇದನ್ನು ತಮ್ಮ ಲಿಪಿಯಲ್ಲಿ ಬರೆಯಲು ನಾರ್ವೆಯವರಿಗೆ ಪ್ರತ್ಯೇಕ ಅಕ್ಷರಗಳಿಲ್ಲ, ನಮಗೆ ಉಂಟು. ಪಶ್ಚಿಮದ ಬ್ಯಾರ್ಗೆನ್ ಪಟ್ಟಣದವರು ರಕಾರವನ್ನು ಗಂಟಲಲ್ಲಿ ನುಡಿಯುತ್ತಾರೆ. ಅವರಲ್ಲಿ ಈ ಸಂಧಿ ಇಲ್ಲ.

ಎಲ್ಲಕ್ಕೂ ಮಿಗಿಲಾದುದು ಸ್ವರಭೇದ. ನಾರ್ವೇಜಿಯನ್ ಮಾತಿಗೆ ಎರಡು ಬಗೆಯ ರಾಗವುಂಟು. ಪೂರ್ವಪ್ರಾಂತದಲ್ಲಿ ಒಂದನೆಯದು ತಗ್ಗಿನಿಂದ ಮೇಲೇರುತ್ತದೆ. ಎರಡನೆಯದು ಎತ್ತರದಿಂದ ಇಳಿದು ಮತ್ತೆ ಏರುತ್ತದೆ. ರೈತರು ಎಂಬ ಮಾತಿಗೂ ಹುರುಳಿಕಾಯಿಗಳು ಎಂಬ ಮಾತಿಗೂ ಅಲ್ಲಿ ಧ್ವನಿಗಳು ಒಂದೇ; ರಾಗದಿಂದ ಮಾತ್ರವೇ ಭೇದ. ಸಮಾಸವಾದಾಗ ಎರಡು ಪದಗಳಿಗೂ ಸೇರಿ ಒಂದೇ ರಾಗ. ಪ್ರಧಾನವಾದ ಒತ್ತು ಪೂರ್ವಪದದ ಮೇಲೆ. ಉತ್ತರಪದಕ್ಕೆ ಅದಕ್ಕಿಂತ ಕಡಿಮೆಯಾದ ಒತ್ತು ಉಳಿಯುತ್ತದೆ. ಎರಡನ್ನೂ ಬೇರೆಬೇರೆಯಾಗಿ ನುಡಿದರೆ ಒಂದೊಂದಕ್ಕೂ ಪ್ರತ್ಯೇಕವಾದ ರಾಗ ಬಂದು ಸಮಾಸವೇ ಮುರಿಯುತ್ತದೆ.

ಮುರಿದರೆ ನಷ್ಟವೇನು? 'ಲಙ್' ಎಂದರೆ ಉದ್ದ, 'ರೆನ್' ಎಂದರೆ ಓಟದ ಸ್ಪರ್ಧೆ. ಬಿಡಿಬಿಡಿಯಾಗಿ, ವಿಶೇಷಣಕ್ಕೆ ತಕ್ಕ ಪ್ರತ್ಯಯವನ್ನು ಹಚ್ಚಿ, 'ಲಙ್ತ್ ರೆನ್' ಎಂದರೆ ಯಾವುದೋ ಒಂದು ಉದ್ದನೆಯ ಓಟ. ಒಂದೇ ಉಸಿರಿನಲ್ಲಿ 'ಲಙ್‌ರೆನ್' ಎಂದರೆ ಹಿಮಹಲಗೆಯ ಮೇಲೆ ಬಯಲನ್ನೂ ಕಾಡನ್ನೂ ದಾಟುವ ಒಂದು ಗೊತ್ತಾದ ಕ್ರೀಡೆ. ಆ ಕ್ರೀಡೆಯಲ್ಲಿ ಸುಮಾರು ಒಂದೂವರೆ ಕಿಲೋಮೀಟರಿನ ಚುಟುಕು ಓಟವೂ ಉಂಟು. ಅದೂ 'ಲಙ್‌ರೆನ್ನೇ', ಆದರೆ ಉದ್ದವಲ್ಲ. ಬರೆವಣಿಗೆಯಲ್ಲಿ ತೆರಪು ಬಿಡುವ ಅಭ್ಯಾಸ ಈಗ ಅಲ್ಲಿ ಹಬ್ಬುತ್ತಿದೆ. ಇದಕ್ಕೆ ಇಂಗ್ಲೀಷಿನ ಪ್ರಭಾವ ಕಾರಣವೆಂದು ಹಲವರು ಹೇಳುವುದುಂಟು. ಹಲಗೆಯ ಮೇಲೆ 'ರೊಯ್ಕ್‌ಫ್ರಿತ್' ಎಂದು ಕೂಡಿಸಿ ಬರೆದರೆ ಹೊಗೆಯಿಲ್ಲದ ಸ್ಥಳ, ಅಂದರೆ ಇಲ್ಲಿ ಯಾರೂ ಹೊಗೆಬತ್ತಿ ಸೇದಬಾರದು ಎಂದರ್ಥ. ನಡುವೆ ಒಂದು ತೆರಪು ಬಿಟ್ಟರೆ 'ಯಥೇಚ್ಛವಾಗಿ ಸೇದಿರಿ' ಎಂಬ ಅಪ್ಪಣೆಯಾಗುತ್ತದೆ!

ಸಮಾಸದಲ್ಲಿ ಸ್ವರ ತಪ್ಪಿದರೆ ಏನಾಗುವುದೆಂಬುದು ನಮ್ಮವರಿಗೆ ಹೊಸ ಮಾತಲ್ಲ. 'ಇಂದ್ರಶತ್ರು' ಎಂಬ ಪದದ ಕಥೆಯನ್ನು ವ್ಯಾಕರಣದ ವಿದ್ಯಾರ್ಥಿಗಳೆಲ್ಲ ಬಲ್ಲರು. ಇಂದ್ರನನ್ನು ಕೊಲ್ಲುವವನು ಹುಟ್ಟಲೆಂದು ತ್ವಷ್ಟೃವು ಹೋಮ ಮಾಡಿದನು. ತತ್ಪುರುಷಕ್ಕೆ ತಕ್ಕಂತೆ ಅಂತ್ಯದಲ್ಲಿರಬೇಕಾದ ಸ್ವರ ಬಹುವ್ರೀಹಿಯ ಹಾಗೆ ಪೂರ್ವಪದಕ್ಕೆ ಬಿದ್ದಿತು. ಹುಟ್ಟಿದ ವೃತ್ರನು ಇಂದ್ರನನ್ನು ಕೊಲ್ಲದೆ ಇಂದ್ರನಿಂದಲೇ ಹತನಾದನು.

ಕೊನೆಗೆ ನಾವು ಮೊದಲು ಹೆಸರಿಸಿದ 'ಸ್ಲಾಲಂ'. ಇದೂ ಸಮಾಸವೇ. 'ಸ್ಲಾ' ಎಂದರೆ ಇಳಿಜಾರು, 'ಲೋಮ್' ಎಂದರೆ ಜಾಡು. ಇದು ಪಂಡಿತರು ನಿರ್ಮಿಸಿದ ಮಾತಲ್ಲ. ತೆಲೆಮಾರ್ಕ್ ಎಂಬ ಗುಡ್ಡಗಾಡಿನ ರೈತರ ಆಡುಮಾತು. ಆ ಪ್ರಾಂತದ ಮೋರ್ಗೆದಾಲ್ ಎಂಬ ಹಳ್ಳಿಯವನು ಸೊಂದ್ರೆ ನೂರ್‌ಹೈಮ್, 1825ರಲ್ಲಿ ಹುಟ್ಟಿದವನು. 1868ರಲ್ಲಿ ಇವನು ರಾಜಧಾನಿಗೆ ಬಂದು ಸ್ಪರ್ಧೆಯಲ್ಲಿ ಗೆದ್ದು ನಗರದವರನ್ನು ಬೆರಗುಗೊಳಿಸಿದನು. ನಾಲ್ಕು ನೂರು ವರ್ಷಗಳಿಗೂ ಮಿಕ್ಕು ನಾರ್ವೆ ಡೆನ್ಮಾರ್ಕಿನೊಡನೆ ಕೂಡಿದ್ದು 1814ರಲ್ಲಿ ಬೇರೆಯಾಯಿತು. ಆದರೂ ಅಲ್ಲಿ ಓದುಬರಹದ ಭಾಷೆ ಡೇನಿಷ್ ಭಾಷೆಯಾಗಿಯೇ ಉಳಿದಿತ್ತು. ಈವಾರ್ ಓಸೆನ್ ಎಂಬ ವಿದ್ವಾಂಸನು ಹಳ್ಳಿಹಳ್ಳಿ ತಿರುಗಿ ಜನರ ಮಾತನ್ನು ಕೂಡಿಹಾಕಿ 1848ರಲ್ಲಿ ವ್ಯಾಕರಣವನ್ನೂ 1850ರಲ್ಲಿ ನಿಘಂಟನ್ನೂ ಪ್ರಕಟಿಸಿದನು. 1885ರಲ್ಲಿ ಅಲ್ಲಿಯ ಶಾಸನಸಭೆ ಹಳ್ಳಿಯ ನುಡಿಗೆ ನಗರದ ನುಡಿಯೊಡನೆ ಸಮಾನವಾದ ಸ್ಥಾನವನ್ನು ಕೊಟ್ಟಿತು. ಆ ಎರಡು ಬರಹದ ರೂಪಗಳೂ ಇಂದಿಗೂ ನಡೆಯುತ್ತಿವೆ.

ಒರಟು ಮಾತೆಂದು ಕೈಬಿಡಬಹುದಾಗಿದ್ದ ಎರಡು ಹಳ್ಳಿಯ ಶಬ್ದಗಳು ಹೀಗೆ ಕೂಡಿ, ಹಿಮವನ್ನೇ ಕಾಣದ ನಮ್ಮ ಊರುಗಳ ಪತ್ರಿಕೆಗಳವರೆಗೂ ಬಂದು ತಲುಪಿವೆ. ನಮ್ಮ ಚಿಣ್ಣಿಕೋಲು, ಮರಕೋತಿ, ಗರಡಿಮನೆ ಇವೂ ಅಂತಹ ಜನರೇ ಅಂತಹ ವಿಧದಿಂದಲೇ ಕಟ್ಟಿದ ಸಮಾಸಗಳು. ಹೊಸ ಆಟಕ್ಕೆ ಹೆಸರು ಬೇಕಾದಾಗ ನಾವು ನಿಘಂಟನ್ನು ಮಾತ್ರ ನೋಡಿ ನಿರಾಶರಾಗುವುದಕ್ಕಿಂತ, ಆಡುವ ಹುಡುಗರ ಬಾಯಿಗೂ ಕಿವಿಗೊಡುವುದು ಲೇಸು. ಅಲ್ಲಿ ದೊರೆತ ಮಾತನ್ನು ಮುರಿಯದೆ, ಅದರ ಸ್ವರ ಕೆಡದಂತೆ ಬರೆದುಕೊಳ್ಳುವುದಷ್ಟೇ ಓದುಬಲ್ಲವರ ಕೆಲಸ.