ಹಳದಿ ಫಲಕದ ಹಿಂದಿನ ಮಾತು
(ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ನಾಡಿನ ಏಕೀಕರಣವೆಂದರೆ ಭೂಪಟದ ಮೇಲಣ ಗೆರೆಗಳನ್ನು ಅಳಿಸುವುದಷ್ಟೇ ಎಂದು ಬಗೆದವರುಂಟು. ಆ ಗೆರೆಗಳು ದುಡಿಯುವವನ ದಾರಿಗೆ ಹೇಗೆ ಅಡ್ಡಬಿದ್ದಿದ್ದವೆಂಬುದನ್ನು ಸರಕಿನ ಲಾರಿಯೇ ಹೇಳಬಲ್ಲದು. 1956ಕ್ಕೆ ಮುಂಚೆ ತುಂಗಭದ್ರೆಯ ಈಚೆ ದಡದ ರಾಣೆಬೆನ್ನೂರು ಮುಂಬಯಿಗೆ ಸೇರಿದ್ದರೆ, ಆಚೆ ದಡದ ಹರಿಹರವು ಮೈಸೂರಿಗೆ ಸೇರಿತ್ತು. 1939ರ ಮೋಟಾರು ವಾಹನ ಕಾಯಿದೆಯಂತೆ ಒಂದು ಪ್ರದೇಶದ ರಹದಾರಿಯು ಮತ್ತೊಂದು ಪ್ರದೇಶದಲ್ಲಿ ಅಲ್ಲಿಯ ಮರುಸಹಿಯಿಲ್ಲದೆ ಸಲ್ಲುತ್ತಿರಲಿಲ್ಲ. ಸಂಸ್ಥಾನಗಳ ಕಟ್ಟಳೆಗಳು ಬೇರೆ. ನದಿಯೊಂದೇ, ನುಡಿಯೊಂದೇ, ಕಚೇರಿ ಮಾತ್ರ ಎರಡು!

1956ರ ನವೆಂಬರ 1ರಂದು ನಾಡು ಒಂದಾಯಿತು. ಮರುವರ್ಷವೇ, 1957ರಲ್ಲಿ, ಮೋಟಾರು ತೆರಿಗೆಗೂ ಇಡಿಯ ನಾಡಿಗೆ ಒಂದೇ ಕಾಯಿದೆ ಬಂದಿತು. ಇಂದು ಸರಕು ಲಾರಿಯ ಹಳದಿ ಫಲಕವನ್ನು ನೋಡಿರಿ. ಧಾರವಾಡಕ್ಕೆ 25, ಕಲಬುರ್ಗಿಗೆ 32, ಮಂಗಳೂರಿಗೆ 19, ಮಡಿಕೇರಿಗೆ 12, ಮೈಸೂರಿಗೆ 09. ಐದು ಆಳ್ವಿಕೆಗಳಲ್ಲಿ ಹರಿದು ಹೋಗಿದ್ದ ಈ ಊರುಗಳ ಅಂಕೆಗಳ ಮುಂದೆ ಇರುವುದು ಒಂದೇ ಗುರುತು, 'ಕೆಎ'. ಇದನ್ನು ಕಂಡು ನಾವು ಹಿಗ್ಗುವುದು ಸಹಜ.

ಆದರೆ ಫಲಕ ಒಂದಾದ ಮಾತ್ರಕ್ಕೆ ಲಾರಿಯವನ ತೊಡಕು ಹರಿಯಿತೇ? ತಾನೇ ಮಾಲಕನೂ ತಾನೇ ಚಾಲಕನೂ ಆದ ಒಬ್ಬನನ್ನು ನೆನೆಯಿರಿ. ಸಾಲ ಮಾಡಿ ಚಾಸಿ ಕೊಳ್ಳುತ್ತಾನೆ; ತಾತ್ಕಾಲಿಕ ನಂಬರು ಪಡೆದು ಬಾಡಿ ಕಟ್ಟಿಸುತ್ತಾನೆ; ಬಳಿಕ ಸಾರಿಗೆ ಕಚೇರಿಗೆ ಒಯ್ಯುತ್ತಾನೆ. ಅಲ್ಲಿ ಇನ್ಸ್‌ಪೆಕ್ಟರರು ಚಾಸಿ ಮತ್ತು ಎಂಜಿನ್ನಿನ ಸಂಖ್ಯೆಗಳನ್ನು ಕಾಗದಗಳೊಡನೆ ತಾಳೆ ನೋಡುತ್ತಾರೆ. 20ನೆಯ ನಮೂನೆಯ ಅರ್ಜಿ, ಮಾರಾಟ ಪತ್ರ, ವಿಮೆ, ತೆರಿಗೆ, ಇವೆಲ್ಲ ಸರಿಯಿದ್ದರೆ ನೋಂದಣಿ. ಲಾರಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿವರ್ಷ ಅರ್ಹತಾ ಪತ್ರ ಪಡೆಯಬೇಕು. ಸರಕು ಸಹಿತ ತೂಕದ ಮಿತಿ 3,000 ಕಿಲೋಗ್ರಾಮಿಗೆ ಮೀರಿದ್ದರೆ ರಹದಾರಿಯೂ ಬೇಕು. 2019ರ ಏಪ್ರಿಲ 1ರಿಂದ ತಯಾರಾದ ಹೊಸ ವಾಹನಗಳಿಗೆ ಭದ್ರತೆಯ ಫಲಕವನ್ನು ತಯಾರಕರೇ ಒದಗಿಸತಕ್ಕದ್ದು.

ಇದರಲ್ಲಿ ಯಾವುದೂ ಅನ್ಯಾಯವಲ್ಲ. ಅನ್ಯಾಯವಾಗುವುದು ಬೇರೆ ಕಡೆ. ನಮೂನೆಯ ಇಂಗ್ಲಿಷು ತಿಳಿಯದೆ ಅವನು ದಲ್ಲಾಳಿಯು ತೋರಿಸಿದಲ್ಲಿ ಸಹಿ ಹಾಕುತ್ತಾನೆ. ಸಾಲದ ಕಡೆಯ ಕಂತು ತೀರಿದರೂ 35ನೆಯ ನಮೂನೆ ಕೊಟ್ಟು ನೋಂದಣಿ ಪತ್ರದಿಂದ ಸಾಲದ ನಮೂದನ್ನು ತೆಗೆಸುವುದಿಲ್ಲ. ಲಾರಿಯನ್ನು ಮಾರಿದಾಗ ಹೆಸರು ಬದಲಾಯಿತೋ ಇಲ್ಲವೋ ವಿಚಾರಿಸುವುದಿಲ್ಲ. ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ ಕಚೇರಿಗೆ ತಿಳಿಸಬೇಕೆಂಬುದು 1988ರ ಕಾಯಿದೆಯ ಮಾತು. ದಫ್ತರದಲ್ಲಿ ಯಾರ ಹೆಸರಿದೆಯೋ ಅವನೇ ಕಾಯಿದೆಯ ದೃಷ್ಟಿಯಲ್ಲಿ ಮಾಲಕನೆಂದೂ, ಅಪಘಾತದ ಪರಿಹಾರದ ಹೊಣೆಯು ಅವನದೆಂದೂ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ನಿರ್ಣಯಿಸಿತು. ಕೈಬಿಟ್ಟುಹೋದ ಲಾರಿಯು ಹೀಗೆ ಹಳೆಯ ಒಡೆಯನ ಹೊಲಮನೆಗಳಿಗೆ ಸಂಚಕಾರ ತರಬಲ್ಲದು!

ಫಲಕದ ಅಕ್ಷರವು ಇಂಗ್ಲಿಷಿನಲ್ಲಿರಬೇಕೆಂಬುದು ಕೇಂದ್ರದ ನಿಯಮ. ಇರಲಿ, ಹೊರನಾಡಿನ ದಾರಿಯಲ್ಲಿಯೂ ಅದನ್ನು ಓದುವವರಿದ್ದಾರೆ. ಆದರೆ ಆ ಫಲಕದ ಹಿಂದಿನ ಹಕ್ಕು ಬಾಧ್ಯತೆಗಳು ಕನ್ನಡಿಗನಿಗೆ ಕನ್ನಡದಲ್ಲಿಯೇ ತಿಳಿಯಬೇಕು. 1963ರಲ್ಲಿಯೇ ಕನ್ನಡವನ್ನು ಆಡಳಿತ ಭಾಷೆಯೆಂದು ಸಾರಿದ ನಾಡಿನಲ್ಲಿ ಇದು ಬೇಡಿಕೆಯಲ್ಲ, ಸಲ್ಲಬೇಕಾದ ಬಾಕಿ.

ಶಿಕ್ಷಕ ಬಂಧುಗಳೇ, ಸರಕಾರವನ್ನು ನಾವು ಕೇಳೋಣ. ಆದರೆ ಕೇಳುತ್ತ ಕೈಕಟ್ಟಿ ಕೂಡ್ರುವುದು ಬೇಡ. ವಾರಕ್ಕೊಂದು ಸಂಜೆ ನಿಮ್ಮ ಶಾಲೆಯ ಬಾಗಿಲು ತೆರೆದಿರಲಿ. ಊರಿನ ಲಾರಿಯವರು ತಮ್ಮ ಕಾಗದಗಳನ್ನು ತರಲಿ. ಸಹಿಗೆ ಮುಂಚೆ ಪ್ರತಿಯೊಂದು ಸಾಲನ್ನೂ ಅವರಿಗೆ ಕನ್ನಡದಲ್ಲಿ ಓದಿ ಹೇಳಿರಿ. ನಾಡನ್ನು ಒಂದುಗೂಡಿಸಿದ ಹಿರಿಯರ ಋಣವು ಉತ್ಸವಗಳಿಂದಲೇ ತೀರುವಂಥದಲ್ಲ. ತನ್ನ ಸಹಿಯ ಅರ್ಥವನ್ನು ತಾನೇ ಬಲ್ಲ ಒಬ್ಬ ದುಡಿಮೆಗಾರನನ್ನು ಪ್ರತಿ ಊರಿನಲ್ಲಿಯೂ ನಿಲ್ಲಿಸಿದರೆ, ಆ ಋಣದ ಒಂದು ಕಂತು ಸಂದಂತಾಯಿತು.