ಬಾಲಕ್ಕೂ ಬೆಲೆ ಸಿಕ್ಕ ವ್ಯಾಪಾರ

(ಬಕ್ರೀದ್‌ಗೆ ಮುನ್ನ ಸಿರಿಗೇರಿಯಲ್ಲಿ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



 

ಕಡಲಿನಿಂದ ನೂರಾರು ಮೈಲಿ ದೂರವಿರುವ ಈ ಊರಿನಲ್ಲಿ ನಿಂತು ಹಡಗಿನ ವಿಚಾರ ಮಾತನಾಡಲು ಹೊರಟಿದ್ದೇವೆ. ವಿಷಯ ತಿಳಿದೊಡನೆ ಮಿತ್ರರೊಬ್ಬರು, ಸಿರಿಗೇರಿಗೂ ಹಡಗಿಗೂ ಏನು ಸಂಬಂಧ ಎಂದು ನಕ್ಕರು. ಸಂಬಂಧವಿದೆ. ಭತ್ತದ ಕೊಯ್ಲು ಮುಗಿದೊಡನೆ ಸಿರುಗುಪ್ಪ ಸೀಮೆಯ ಗದ್ದೆಗಳಿಗೆ ಕುರಿಮಂದೆಗಳು ಬಂದಿಳಿಯುತ್ತವೆ. ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸಿದ್ದಕ್ಕೆ ರೈತ ಕಾಳೋ ಕಾಸೋ ಕೊಡುತ್ತಾನೆ, ಹೊಲಕ್ಕೆ ಗೊಬ್ಬರವಾಗುತ್ತದೆ. ಬಳ್ಳಾರಿ ಕುರಿ ಎಂಬ ಹೆಸರಿನ ತಳಿಯೇ ನಮ್ಮ ಜಿಲ್ಲೆಯದು. ಅದರ ಒರಟು ಉಣ್ಣೆಯ ಕಂಬಳಿ ನಮ್ಮೆಲ್ಲರ ಮನೆಯಲ್ಲಿಯೂ ಇತ್ತು. ಇಂತಹ ಮಂದೆಯಿಂದ ಹೊರಟ ಒಂದು ಜೀವ ಸಂತೆ, ಲಾರಿ, ದೊಡ್ಡ ಊರಿನ ಬಯಲುಗಳನ್ನು ದಾಟಿ ಕೊನೆಗೆ ನಮ್ಮ ಅಂಗಳಕ್ಕೆ ಬರುತ್ತದೆ. ಹಡಗು ಏರುವ ಕುರಿಯದ್ದೂ ಇದೇ ಪ್ರಯಾಣ, ಇನ್ನಷ್ಟು ಉದ್ದದ್ದು.

ಜೀವಂತ ಪ್ರಾಣಿಗಳ ಕಡಲ ವ್ಯಾಪಾರವೂ ನಮ್ಮ ಸೀಮೆಗೆ ಹೊಸದಲ್ಲ. ನೆರೆಯ ಹಂಪಿಯನ್ನು ನೀವೆಲ್ಲರೂ ನೋಡಿದ್ದೀರಿ. ಅಲ್ಲಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಕುದುರೆಗಳನ್ನೂ ಹೊರನಾಡಿನ ಜನರನ್ನೂ ಇಂದಿಗೂ ಕಾಣಬಹುದು. ವಿಜಯನಗರದ ಸೈನ್ಯಕ್ಕೆ ಬೇಕಾದ ಒಳ್ಳೆಯ ಕುದುರೆಗಳು ಅರಬ್ ನಾಡಿನಿಂದ, ಹೊರ್ಮುಜ್‌ನಿಂದ ಹಾಯಿಹಡಗುಗಳಲ್ಲಿ ಭಟ್ಕಳ, ಗೋವೆ ಮುಂತಾದ ಬಂದರುಗಳಿಗೆ ಬಂದು, ಘಟ್ಟ ಹತ್ತಿ ರಾಜಧಾನಿ ಸೇರುತ್ತಿದ್ದವು. ಆ ವ್ಯಾಪಾರದಲ್ಲಿ ಮುಸ್ಲಿಮ್ ವರ್ತಕರ ಪಾಲು ದೊಡ್ಡದಾಗಿತ್ತು.

16ನೇ ಶತಮಾನದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ತನ್ನ ವೃತ್ತಾಂತದಲ್ಲಿ, ತನಗಿಂತ ಹಿಂದೆ ಆಳಿದ ಸಾಳುವ ನರಸಿಂಹನ ಬಗ್ಗೆ ಒಂದು ಸಂಗತಿ ದಾಖಲಿಸಿದ್ದಾನೆ. ಕುದುರೆಗಳು ಬರುವುದು ನಿಲ್ಲಬಾರದೆಂದು ಆ ಅರಸ ಬದುಕಿದ್ದಕ್ಕೂ ಸತ್ತಿದ್ದಕ್ಕೂ ಹಣ ಕೊಡುತ್ತಿದ್ದನಂತೆ. ದಾರಿಯಲ್ಲಿ, ಕಡಲಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೆ ಸಾಕು, ಜೀವಂತ ಕುದುರೆಗೆ ಕೊಡುವ ಬೆಲೆಯೇ ಅದಕ್ಕೂ ಸಿಗುತ್ತಿತ್ತು.

ಪದವಿ ತರಗತಿಯಲ್ಲಿ ಇತಿಹಾಸ ಓದುವಾಗ ಇದನ್ನು ಅರಸನ ಔದಾರ್ಯವೆಂದು ತಿಳಿದು ನಾವು ಮುಂದೆ ಹೋಗಿದ್ದೆವು. ಈಗ ಯೋಚಿಸಿದರೆ ಮೈ ನಡುಗುತ್ತದೆ. ಬಾಲಕ್ಕೂ ಅದೇ ಬೆಲೆ ಸಿಗುವುದಾದರೆ ವರ್ತಕ ಹಡಗಿನಲ್ಲಿ ಕುದುರೆಗೆಂದು ಇನ್ನೊಂದು ಪೀಪಾಯಿ ಸಿಹಿನೀರು ಏಕೆ ಹೊರಬೇಕು? ಇನ್ನೊಂದು ಕುದುರೆಗೆ ಜಾಗ ಬಿಟ್ಟು ಸಡಿಲವಾಗಿ ಏಕೆ ಕಟ್ಟಬೇಕು? ಸಾವನ್ನು ಬೆಲೆಯೊಳಗೆ ಸೇರಿಸಿದ ದಿನ ಪ್ರಾಣಿಯ ಪರವಾಗಿ ಮಾತನಾಡುವ ಕೊನೆಯ ಕಾರಣವೂ ವ್ಯಾಪಾರದಿಂದ ಹೊರಟುಹೋಗುತ್ತದೆ.

ಐದು ಶತಮಾನಗಳ ನಂತರ ಈ ಲೆಕ್ಕ ಬದಲಾಗಿದೆಯೇ ನೋಡೋಣ.

2017ರ ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಂದರಿನಿಂದ 'ಅವಾಸ್ಸಿ ಎಕ್ಸ್‌ಪ್ರೆಸ್' ಎಂಬ ಹಡಗು 60 ಸಾವಿರಕ್ಕೂ ಹೆಚ್ಚು ಕುರಿಗಳನ್ನು ಹೊತ್ತು ಕೊಲ್ಲಿಯ ಕಡೆ ಹೊರಟಿತು. ಅವಾಸ್ಸಿ ಎಂಬುದು ಅರಬ್ ನಾಡಿನ ಕುರಿ ತಳಿಯ ಹೆಸರು. ಹಡಗು ಹೋದದ್ದು ಕತಾರ್, ಕುವೈತ್, ಯುಎಇಗಳಿಗೆ. ಆಸ್ಟ್ರೇಲಿಯಾದಲ್ಲಿ ಅದು ಚಳಿಗಾಲ. ಉಣ್ಣೆ ಹೊತ್ತ ಕುರಿಗಳು ಚಳಿಯಿಂದ ನೇರವಾಗಿ ಕೊಲ್ಲಿಯ ಕಡುಬೇಸಿಗೆಗೆ ಬಂದವು. ಸುಮಾರು 2,400 ಕುರಿಗಳು ಸತ್ತವು. ಹಿಕ್ಕೆ ಮೂತ್ರಗಳು ಕರಗಿ ಕೆಸರಾದ ಅಟ್ಟಣೆಗಳಲ್ಲಿ ಬಾಯ್ದೆರೆದು ಏದುಸಿರು ಬಿಡುತ್ತಿದ್ದ ಕುರಿಗಳ ದೃಶ್ಯವನ್ನು 2018ರ ಏಪ್ರಿಲ್‌ನಲ್ಲಿ ಅಲ್ಲಿಯ ದೂರದರ್ಶನ ವಾಹಿನಿಯೊಂದು ಬಿತ್ತರಿಸಿತು. ಅದನ್ನು ಚಿತ್ರೀಕರಿಸಿ ಹೊರಗೆ ತಂದವನು ಪಾಕಿಸ್ತಾನದಿಂದ ಬಂದು ಆ ಹಡಗಿನಲ್ಲಿ ತರಬೇತಿ ಪಡೆಯುತ್ತಿದ್ದ ಒಬ್ಬ ಯುವ ನಾವಿಕ. ತನ್ನ ಅನ್ನದ ದಾರಿಯನ್ನೇ ಪಣಕ್ಕಿಟ್ಟು ಮಾಡಿದ ಕೆಲಸವದು. ನಮ್ಮ ಯುವಕರು ಇದನ್ನು ಗಮನಿಸಬೇಕು.

ಈಗ ಬಾಲದ ಲೆಕ್ಕಕ್ಕೆ ಬನ್ನಿ. ಅಂದಿನ ಆಸ್ಟ್ರೇಲಿಯಾದ ನಿಯಮದಂತೆ ಒಂದು ಯಾನದಲ್ಲಿ ಕುರಿಗಳ ಸಾವು ನೂರಕ್ಕೆ ಎರಡನ್ನು ಮುಟ್ಟಿದರೆ ಅದು ವಿಶೇಷವಾಗಿ ವರದಿ ಮಾಡಬೇಕಾದ ಘಟನೆ. 60 ಸಾವಿರ ಕುರಿಗಳ ಹಡಗಿನಲ್ಲಿ ಸಾವಿರಕ್ಕೂ ಹೆಚ್ಚು ಕುರಿಗಳು ಸತ್ತರೂ ಅದು ನಿತ್ಯದ ವ್ಯವಹಾರ. ಆ ದೃಶ್ಯಗಳು ಬಯಲಾದ ಬಳಿಕ ಮಿತಿಯನ್ನು ನೂರಕ್ಕೆ ಒಂದಕ್ಕೆ ಇಳಿಸಿದರು. ಉತ್ತರದ ಕಡುಬೇಸಿಗೆಯ ತಿಂಗಳುಗಳಲ್ಲಿ ಕುರಿ ಹಡಗುಗಳನ್ನು ನಿಲ್ಲಿಸಿದರು. ಕೊನೆಗೆ 2024ರ ಜುಲೈನಲ್ಲಿ, 2028ರ ಮೇ 1ರಿಂದ ಜೀವಂತ ಕುರಿಗಳ ಕಡಲ ರಫ್ತನ್ನೇ ಕೊನೆಗೊಳಿಸುವ ಕಾನೂನು ಅಲ್ಲಿಯ ಸಂಸತ್ತಿನಲ್ಲಿ ಅಂಗೀಕಾರವಾಯಿತು.

ಇದು ಪರದೇಶಿ ಕಂಪೆನಿಗಳ ಪಾಪ, ನಮಗೇನು ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಕೊಳ್ಳುವವರು ಯಾರು? 2022ರ ಜೂನ್‌ನಲ್ಲಿ, ಬಕ್ರೀದ್‌ಗೆ ಇನ್ನೊಂದು ತಿಂಗಳೂ ಇಲ್ಲದಾಗ, ಸುಡಾನಿನ ಸುವಾಕಿನ್ ಬಂದರಿನಲ್ಲಿ 'ಬದ್ರ್ 1' ಎಂಬ ಹಡಗು ಮುಳುಗಿತು. 15 ಸಾವಿರಕ್ಕೂ ಹೆಚ್ಚು ಕುರಿಗಳು ಅದರಲ್ಲಿದ್ದವು, ಸೌದಿ ಅರೇಬಿಯಾಕ್ಕೆ ಹೊರಟಿದ್ದವು. ನಾವಿಕರೆಲ್ಲ ಬದುಕಿದರು, ಕುರಿಗಳಲ್ಲಿ ಬಹುತೇಕ ನೀರು ಪಾಲಾದವು. ಹಡಗು ಹೊರಬೇಕಾದುದಕ್ಕಿಂತ ಬಹಳ ಹೆಚ್ಚು ಕುರಿಗಳನ್ನು ತುಂಬಲಾಗಿತ್ತೆಂದು ಅಲ್ಲಿಯ ಅಧಿಕಾರಿಗಳೇ ಹೇಳಿದರು. ಹಡಗಿನ ಹೆಸರು ಬದ್ರ್! ಆ ಹೆಸರಿನ ಮಹತ್ವ ಈ ಸಭೆಗೆ ವಿವರಿಸಬೇಕಾಗಿಲ್ಲ.

ಒಂದು ಮಾತನ್ನು ಇಲ್ಲಿ ನ್ಯಾಯವಾಗಿ ಹೇಳಬೇಕು. ಹಜ್ಜಿನ ಬಲಿ ಹರಮ್‌ನ ಎಲ್ಲೆಯೊಳಗೇ ಆಗಬೇಕಾದ ಕಾರಣ ಅಲ್ಲಿಗೆ ಪ್ರಾಣಿಗಳು ಬರಲೇಬೇಕು. ಸೊಮಾಲಿಯಾ ಪ್ರದೇಶದ ಬರ್ಬೆರಾ ಬಂದರಿನಿಂದ ಹೋಗುವ ಆಡುಕುರಿಗಳ ಮೇಲೆ ಅಲ್ಲಿಯ ಬಡ ಕುರಿಗಾರರ ಬದುಕು ನಿಂತಿದೆ. ಹತ್ತಿರದ ಕಡಲು ದಾಟಿಸುವುದೂ ವಾರಗಟ್ಟಲೆ ಸಾಗರದಲ್ಲಿ ತೂಗಾಡಿಸುವುದೂ ಒಂದೇ ಅಲ್ಲ. ಆದರೆ ಅದೇ ಮಿನಾದಲ್ಲಿ ಕೊಯ್ದ ಮಾಂಸ ಏನಾಗುತ್ತದೆ? 1983ರಲ್ಲಿ ಆರಂಭವಾದ ಯೋಜನೆಯಂತೆ ಅದನ್ನು ಶೈತ್ಯೀಕರಿಸಿ ಅನೇಕ ದೇಶಗಳ ಬಡವರಿಗೆ ಕಳುಹಿಸಲಾಗುತ್ತದೆ. ಇಬಾದತ್‌ನ ಮಾಂಸವನ್ನೇ ಹೆಪ್ಪುಗಟ್ಟಿಸಿ ಕಡಲು ದಾಟಿಸಲು ಉಲಮಾಗಳು ಒಪ್ಪಿರುವಾಗ, ನಿತ್ಯದ ಊಟದ ಮಾಂಸಕ್ಕಾಗಿ ಜೀವಂತ ಕುರಿಯೇ ಬೇಕೆಂದು ಹಟ ಹಿಡಿಯುವುದು ದೀನ್ ಅಲ್ಲ, ನಾಲಿಗೆಯ ಚಪಲ. ನಮ್ಮ ದೇಶದಿಂದಲೂ ಹಲಾಲ್ ಆದ ಕುರಿಮಾಂಸ ಯುಎಇ ಮೊದಲಾದೆಡೆಗೆ ಹೋಗುತ್ತಿದೆ. ಕೊಯ್ಯುವ, ಶುಚಿಮಾಡುವ, ತೊಗಲು ಹದಮಾಡುವ ಕೆಲಸ ಆಗ ನಮ್ಮವರ ಕೈಯಲ್ಲೇ ಉಳಿಯುತ್ತದೆ.

ನಮ್ಮ ದೇಶದಲ್ಲಿ ಈ ಪ್ರಶ್ನೆ ಹೇಗೆ ಬಂತೆಂಬುದನ್ನೂ ನೆನೆಯಬೇಕು. 2018ರಲ್ಲಿ ನಾಗಪುರದಿಂದ ಶಾರ್ಜಾಕ್ಕೆ ವಿಮಾನದಲ್ಲಿ ಆಡುಕುರಿಗಳನ್ನು ಕಳುಹಿಸುವ ಯೋಜನೆ ಸಿದ್ಧವಾಗಿತ್ತು. ನಮ್ಮ ಕುರುಬ ಬಂಧುಗಳಂತೆಯೇ ಕುರಿ ನಂಬಿದ ಧನಗರ್ ಸಮುದಾಯಕ್ಕೆ ಆದಾಯ ಬರಲೆಂಬುದು ಉದ್ದೇಶವೆಂದರು. ಪ್ರತಿಭಟನೆಯಾಯಿತು, ವಿಮಾನ ಹೊರಡಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಗುಜರಾತ್ ಸರಕಾರ ಕಛ್‌ನ ತುಣಾ ಬಂದರಿನಿಂದ ಹಡಗೇರುತ್ತಿದ್ದ ಆಡುಕುರಿಗಳ ರಫ್ತಿಗೆ ತಡೆ ಘೋಷಿಸಿತು. ವಿವಾದ ಹೈಕೋರ್ಟಿನ ಮೆಟ್ಟಿಲೇರಿತು. 2023ರ ಜೂನ್‌ನಲ್ಲಿ ಜೀವಂತ ಪ್ರಾಣಿಗಳ ಆಮದು ರಫ್ತಿಗೆ ಸಂಬಂಧಿಸಿದ ಮಸೂದೆಯ ಕರಡನ್ನು ಕೇಂದ್ರ ಸರಕಾರ ಪ್ರಕಟಿಸಿ, ವಿರೋಧ ಬಂದೊಡನೆ ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆಯಿತು.

ಈ ಪ್ರತಿ ಸಂದರ್ಭದಲ್ಲಿಯೂ ನಮ್ಮ ಸಮುದಾಯದಲ್ಲಿ ಒಂದು ಸಂಶಯ ಎದ್ದಿತು. ಇದು ಪ್ರಾಣಿದಯೆಯೋ ನಮ್ಮ ತಟ್ಟೆಯ ಮೇಲಿನ ಕಣ್ಣೋ ಎಂದು. ಸಂಶಯಕ್ಕೆ ಕಾರಣವಿಲ್ಲದಿಲ್ಲ. 2017ರ ಏಪ್ರಿಲ್‌ನಲ್ಲಿ, ಸಂತೆಯಲ್ಲಿ ಕೊಂಡ ಹಸುಗಳನ್ನು ಮನೆಗೆ ಒಯ್ಯುತ್ತಿದ್ದ ಹೈನುಗಾರ ಪೆಹ್ಲೂ ಖಾನ್‌ರನ್ನು ಅಲ್ವರ್ ಬಳಿ ಹೊಡೆದವರೂ ಪ್ರಾಣಿಯ ಹೆಸರನ್ನೇ ಹೇಳಿದ್ದರು. ಅವರು ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟರು. ಮನುಷ್ಯನ ಮೇಲೆ ದೊಣ್ಣೆ ಎತ್ತುವ ದಯೆಯನ್ನು ನಾವು ದಯೆಯೆನ್ನಲಾರೆವು. ಆದರೆ ಯಾರೋ ನಮ್ಮನ್ನು ದ್ವೇಷಿಸುತ್ತಾರೆಂಬ ಕಾರಣಕ್ಕೆ ನಾವು ನ್ಯಾಯ ಬಿಡಬಾರದೆಂಬುದು ಕುರ್‌ಆನಿನ ಆದೇಶ. ದ್ವೇಷಿಗಳು ಒಂದು ಪ್ರಶ್ನೆಯನ್ನು ಎತ್ತಿಕೊಂಡರೆಂದು ಆ ಪ್ರಶ್ನೆಯೇ ಸುಳ್ಳಾಗದು. ಕುರಿಗೆ ನಮ್ಮ ರಾಜಕೀಯ ತಿಳಿಯದು.

ನಮ್ಮ ಗ್ರಂಥಗಳು ಈ ವಿಷಯದಲ್ಲಿ ಬಡವಾಗಿಲ್ಲ. ಅನ್ಸಾರಿಯೊಬ್ಬರ ತೋಟದಲ್ಲಿದ್ದ ಒಂಟೆ ಪ್ರವಾದಿ(ಸ)ರನ್ನು ಕಂಡು ಕಣ್ಣೀರಿಟ್ಟ ಘಟನೆ ಅಬೂ ದಾವೂದ್‌ನಲ್ಲಿದೆ. ಅವರು ಅದರ ಕಿವಿಯ ಹಿಂದೆ ಸವರಿ ಸಂತೈಸಿ, ಒಡೆಯನನ್ನು ಕರೆಸಿ, ನೀನು ಇದನ್ನು ಹಸಿವಿನಲ್ಲಿಟ್ಟು ದುಡಿಸುತ್ತಿರುವೆಯೆಂದು ಇದು ದೂರುತ್ತಿದೆ ಎಂಬರ್ಥದಲ್ಲಿ ಎಚ್ಚರಿಸಿದರು. ಕೊಯ್ಯುವವನು ಅಲಗನ್ನು ಹರಿತಗೊಳಿಸಿ ಪ್ರಾಣಿಯ ನೋವನ್ನು ಕಡಿಮೆ ಮಾಡಬೇಕೆಂಬ ಹದೀಸ್ ಮದ್ರಸದ ಮಕ್ಕಳಿಗೂ ಗೊತ್ತು. 1262ರಲ್ಲಿ ತೀರಿಕೊಂಡ ಇಮಾಮ್ ಇಝ್ಝುದ್ದೀನ್ ಇಬ್ನ್ ಅಬ್ದುಸ್ಸಲಾಮ್ ಪ್ರಾಣಿಗಳ ಹಕ್ಕುಗಳನ್ನೇ ವಿವರಿಸಿ ಬರೆದರು: ಮುದಿಯಾದರೂ ರೋಗ ಬಂದರೂ ಮೇವು ನೀರು ಕೊಡಬೇಕು, ತಾಳಲಾರದ ಹೊರೆ ಹೊರಿಸಬಾರದು, ಒಂದನ್ನೊಂದು ತುಳಿದು ಇರಿದು ನೋಯಿಸುವಂತೆ ಕೂಡಿಹಾಕಬಾರದು. ಈ ಕೊನೆಯ ಮಾತನ್ನು ಹಡಗಿನ ಅಟ್ಟಣೆಯ ಮೇಲಿಟ್ಟು ಓದಿ. ಲಾರಿಯ ಮೇಲಿಟ್ಟೂ ಓದಿ.

ಲಾರಿಯ ಮಾತು ಬಂದುದರಿಂದ ನಮ್ಮ ಸ್ವಂತ ತಪ್ಪೊಂದನ್ನು ಹೇಳಬೇಕು. ಮದ್ರಸದಲ್ಲಿ ಓದುತ್ತಿದ್ದ ದಿನಗಳಲ್ಲಿ ಬಕ್ರೀದ್‌ನ ಮೂರು ದಿನ ಮೊದಲು ಕುರಿ ಇಳಿಸುವಲ್ಲಿಗೆ ಉಸ್ತಾದರು ನಮ್ಮನ್ನು ಕಳುಹಿಸಿದ್ದರು. ರಾತ್ರಿಯಿಡೀ ಬಂದಿದ್ದ ಲಾರಿ. ಹಿಂಬದಿಯ ಹಲಗೆ ತೆಗೆದಾಗ ಮೊದಲು ಉರುಳಿದ್ದು ಸತ್ತ ಕುರಿ, ಉಳಿದವುಗಳ ಕಾಲಡಿಯಲ್ಲಿ ಚಪ್ಪಟೆಯಾದದ್ದು. ವ್ಯಾಪಾರಿ ಅದನ್ನು ಕಾಲಿನಿಂದ ಬದಿಗೆ ಸರಿಸಿ, "ಅದು ದಾರಿ ಖರ್ಚು, ಬಿಡಿ" ಎಂದ. ಇನ್ನೊಂದು ಕುಂಟುತ್ತಿತ್ತು. ಕುಂಟು ಕುರಿ ಕುರ್ಬಾನಿಗೆ ಸಲ್ಲದೆಂಬ ನಿಯಮ ನಮಗೆ ಬಾಯಿಪಾಠ. ಹಲ್ಲು ನೋಡಿದೆವು, ಕಿವಿ ನೋಡಿದೆವು, ಕಣ್ಣು ನೋಡಿದೆವು. ಕುಂಟುತ್ತಿದ್ದುದನ್ನು ಬಿಟ್ಟು ಪಕ್ಕದ್ದನ್ನು ಆರಿಸಿದೆವು. ನಿನ್ನೆ ಸಂಜೆ ಲಾರಿ ಹತ್ತುವಾಗ ಅದು ಕುಂಟುತ್ತಿತ್ತೇ ಎಂದು ಕೇಳಲು ನಮಗ್ಯಾರಿಗೂ ತೋಚಲಿಲ್ಲ. ಸಮುದ್ರ ಯಾನದ ನೂರಕ್ಕೆ ಎರಡು, ನರಸಿಂಹನ ಕಾಲದ ಬಾಲ, ಆ ವ್ಯಾಪಾರಿಯ ದಾರಿ ಖರ್ಚು, ಎಲ್ಲವೂ ಒಂದೇ ಖಾತೆಯವು. ಆ ಖಾತೆಯ ಹಣ ಕಟ್ಟಿದವರಲ್ಲಿ ನಾವೂ ಇದ್ದೆವು.

ಕಾನೂನು ಇಲ್ಲವೆಂದಲ್ಲ. 1978ರ ಪ್ರಾಣಿ ಸಾಗಣೆ ನಿಯಮಗಳು ಆರು ಗಂಟೆಗಿಂತ ದೀರ್ಘವಾದ ಪ್ರಯಾಣಕ್ಕೆ ಪಶುವೈದ್ಯರ ಪ್ರಮಾಣಪತ್ರ, ಮೇವು, ನೀರು, ಗಾಳಿ ಎಲ್ಲವನ್ನೂ ಹೇಳುತ್ತವೆ. ಸಾಮಾನ್ಯವಾಗಿ ಬಳಸುವ ನಾಲ್ಕೂವರೆ ಐದು ಟನ್ನಿನ ಲಾರಿಗೆ 40 ಕುರಿಗಳಿಗಿಂತ ಹೆಚ್ಚು ತುಂಬುವಂತಿಲ್ಲ. ಬಳ್ಳಾರಿಯಿಂದ ಬೆಂಗಳೂರಿಗೆ ಸುಮಾರು 300 ಕಿಲೋಮೀಟರ್. ಲಾರಿಗೆ ಆರು ಗಂಟೆ ಹಿಡಿದೇ ಹಿಡಿಯುತ್ತದೆ. ಹಬ್ಬದ ಮುನ್ನಾ ವಾರ ಆ ರಸ್ತೆಯಲ್ಲಿ ಹೋಗುವ ಲಾರಿಯೊಳಗೆ ಎಷ್ಟು ತಲೆ ಇರುತ್ತವೆಂದು ಎಣಿಸಿದವರು ಈ ಸಭೆಯಲ್ಲಿದ್ದರೆ ಕೈ ಎತ್ತಿ.

ಯಾರೂ ಎತ್ತಲಿಲ್ಲ. ನಾವೂ ಎಣಿಸಿಲ್ಲ.

ಹೊರದೇಶಕ್ಕೆ ಹೋದರೆ ಒಳ್ಳೆಯ ಬೆಲೆ ಬರುತ್ತದಲ್ಲ, ಅದನ್ನೇಕೆ ತಪ್ಪಿಸುತ್ತೀರಿ ಎಂದು ಇಲ್ಲಿರುವ ಕುರಿಗಾರ ಹಿರಿಯರು ಕೇಳಬಹುದು. ಕೇಳುವ ಹಕ್ಕು ಅವರಿಗಿದೆ. ಮಂದೆಯ ಹಿಂದೆ ಬಿಸಿಲು ಮಳೆಯಲ್ಲಿ ನಡೆದು, ಕುಂಟುವ ಮರಿಯನ್ನು ಹೆಗಲಿಗೇರಿಸಿಕೊಂಡು ಬರುವವರು ಅವರು. ಅವರ ಲೆಕ್ಕದಲ್ಲಿ ದಾರಿ ಖರ್ಚು ಎಂಬ ಬಾಬ್ತು ಇಲ್ಲ. ಒಂದು ಕುರಿ ಸತ್ತರೆ ಆ ಮನೆಯಲ್ಲಿ ಅಂದು ಮುದ್ದೆ ಇಳಿಯದು. ಆದರೆ ಸಂತೆಯಲ್ಲಿ ಕಣ್ಣಂದಾಜಿನಲ್ಲಿ ಮಾರಿದ ಕುರಿ ಕಡಲಾಚೆ ತಂದುಕೊಡುವ ಹಣದಲ್ಲಿ ಕುರಿಗಾರನ ಕೈಗೆ ಬರುವುದು ಎಷ್ಟು, ನಡುವಿನ ಕೈಗಳಲ್ಲಿ ಉಳಿಯುವುದು ಎಷ್ಟು ಎಂದು ಅವರೇ ಹೇಳಲಿ. ತೂಕಕ್ಕೆ ತಕ್ಕ ಬೆಲೆ, ಹತ್ತಿರದಲ್ಲೇ ಶುಚಿಯಾದ ಕಸಾಯಿಖಾನೆ, ಅಲ್ಲಿಂದ ತಣ್ಣನೆಯ ಪೆಟ್ಟಿಗೆಯಲ್ಲಿ ಮಾಂಸದ ಸಾಗಣೆ, ಇವನ್ನು ಸರಕಾರದಿಂದ ಒಟ್ಟಾಗಿ ಕೇಳಿದರೆ ಕುರುಬರಿಗೂ ಕಸಾಯಿಗಳಿಗೂ ಒಂದೇ ಬೇಡಿಕೆಯಾಗುತ್ತದೆ. ಈವರೆಗೆ ಇಬ್ಬರೂ ಬೇರೆ ಬೇರೆಯಾಗಿ ಕಚೇರಿ ಅಲೆದಿದ್ದಾರೆ.

ಈ ವರ್ಷ ಜಮಾಅತಿನ ಹಿರಿಯರೊಡನೆ ಒಂದು ಮಾತಾಗಿದೆ. ದೂರದ ಬಯಲಿನಿಂದ ತರಿಸುವ ಬದಲು ಇಲ್ಲಿಯ ಮಂದೆಗಳಿಂದಲೇ, ನಡೆದುಬರುವಷ್ಟು ಹತ್ತಿರದಿಂದ ಕೊಳ್ಳುವುದು. ಲಾರಿಯಲ್ಲಿ ತರಿಸಲೇಬೇಕಾದವರು 40ರ ಮಿತಿಯನ್ನು ವ್ಯಾಪಾರಿಗೆ ಮುಂಗಡ ಕೊಡುವಾಗಲೇ ಹೇಳುವುದು. ಬಾಡಿಗೆ ಹೆಚ್ಚಾದರೆ ಹಂಚಿಕೊಳ್ಳುವುದು. ಹಬ್ಬದ ಹಿಂದಿನ ಮೂರು ರಾತ್ರಿ ಲಾರಿ ಇಳಿಸುವಲ್ಲಿ ನಮ್ಮ ಯುವಕರು ಸರದಿಯಂತೆ ಇರುತ್ತಾರೆ, ನಾವೂ ಇರುತ್ತೇವೆ. ಹಲ್ಲು ಕಿವಿ ನೋಡುವ ಮೊದಲು ತಲೆ ಎಣಿಸಿ ಬರೆದಿಡುತ್ತೇವೆ. ಬಾನಿ ತುಂಬ ನೀರು, ಒಂದು ಹೊರೆ ಹಸಿ ಸೊಪ್ಪು ಅಲ್ಲಿರಬೇಕು. ಬಾನಿ ಯಾರ ಮನೆಯಿಂದ ಬರುತ್ತದೆಂದು ಈಗಲೇ ಹೇಳಿಬಿಡಿ, ಬರೆದುಕೊಳ್ಳೋಣ.